ಖಾಲಿ ಹೊಟ್ಟೆ, ಕಾಫಿ, ಜಿಮ್ ಪುಡಿ, ಏಲಕ್ಕಿ ಬಾಳೆ: ಬೆಳಗ್ಗೆ ಓಡುವ ಮುಂಚೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಏಲಕ್ಕಿ ಬಾಳೆಹಣ್ಣಿಗೆ. ಚೆನ್ನಾಗಿ ಹಣ್ಣಾದದ್ದು ಎರಡು, ಅರ್ಧ ಲೋಟ ನೀರು, ಇಪ್ಪತ್ತು ನಿಮಿಷ ಬಿಟ್ಟು ಹೊರಡುವುದು. ಇಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ನಮ್ಮ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಎರಡು ಸಾವಿರ ರೂಪಾಯಿಗೂ ಮೇಲೆ ಕೊಟ್ಟು ತಂದ ಜಿಮ್ ಪುಡಿಯ ಒಂದು ಡಬ್ಬ ಕೂತಿದೆ. ಅದರ ಮೇಲೆ ಕಣ್ಣು ಬಿದ್ದಾಗಲೆಲ್ಲ ಅಮ್ಮ ಒಂದು ಮಾತು ಸೇರಿಸುತ್ತಾರೆ. ಆ ದುಡ್ಡಿಗೆ ನಾಲ್ಕು ಜನಕ್ಕಾದರೂ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ದಿನಚರಿ ಗೊತ್ತಾಗದೆ ಈ ಹೋಲಿಕೆಗೆ ಅರ್ಥ ಇಲ್ಲ. ಮನೆ ಜಯನಗರ. ಐದೂವರೆಗೆ ಏಳುತ್ತೇನೆ, ಆರರ ಹೊತ್ತಿಗೆ ಲಾಲ್‌ಬಾಗ್. ವಾರದಲ್ಲಿ ಕೆಲವು ದಿನ ಓಟ, ಉಳಿದ ದಿನ ಮನೆ ಹತ್ತಿರದ ಜಿಮ್, ಭಾನುವಾರ ಅಪ್ಪನ ಜೊತೆ ವಾಕಿಂಗ್. ಎಂಟೂವರೆಗೆ ಕಂಪನಿ ಬಸ್ಸು, ಆಮೇಲೆ ಔಟರ್ ರಿಂಗ್ ರೋಡಿನ ಟ್ರಾಫಿಕ್. ಹೊಟ್ಟೆ ತುಂಬ ತಿಂದು ಎರಡು ಗಂಟೆ ಕಾಯುವ ಭಾಗ್ಯ ನನಗಿಲ್ಲ.

ಮೊದಲು ಖಾಲಿ ಹೊಟ್ಟೆ. ಲಾಲ್‌ಬಾಗಿನಲ್ಲಿ ಯಾವ ಬೆಂಚಿನ ಹತ್ತಿರ ನಿಂತರೂ ಒಬ್ಬ ಹಿರಿಯರು ಸಿಗುತ್ತಾರೆ, "ಖಾಲಿ ಹೊಟ್ಟೇಲಿ ಓಡಪ್ಪ, ಕೊಬ್ಬು ಕರಗುತ್ತೆ" ಅನ್ನುತ್ತಾರೆ. ಇದರಲ್ಲಿ ಅರ್ಧ ನಿಜ ಇದೆ. ನಮ್ಮ ಮೈ ಸಕ್ಕರೆಯನ್ನು ಗ್ಲೈಕೋಜನ್ ಅಂತ ಕೂಡಿಡುತ್ತದೆ. ಲಿವರಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ರಾತ್ರಿ ನಾವು ಮಲಗಿದ್ದರೂ ಮಿದುಳಿಗೆ ಸಕ್ಕರೆ ಬೇಕೇ ಬೇಕು, ಅದನ್ನು ಲಿವರ್ ಒದಗಿಸುತ್ತದೆ. ಹಾಗಾಗಿ ಬೆಳಗ್ಗೆ ಲಿವರಿನ ದಾಸ್ತಾನು ಬಹಳಷ್ಟು ಇಳಿದಿರುತ್ತದೆ. ಕಾಲಿನ ಸ್ನಾಯುವಿನದು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಅದಕ್ಕೇ ಏನೂ ತಿನ್ನದೆ ಅರ್ಧ ಗಂಟೆ ಓಡಿದರೆ ಆರೋಗ್ಯವಾಗಿರುವವರು ಸಾಮಾನ್ಯವಾಗಿ ಕುಸಿದು ಬೀಳುವುದಿಲ್ಲ.

ಖಾಲಿ ಹೊಟ್ಟೆಯಲ್ಲಿ ವ್ಯಾಯಾಮದ ಹೊತ್ತಿಗೆ ಕೊಬ್ಬು ಜಾಸ್ತಿ ಉರಿಯುತ್ತದೆ ಅನ್ನುವುದೂ ಸರಿ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ 6 ವಾರಗಳ ಪರೀಕ್ಷೆಯಲ್ಲಿ ತಿಂಡಿಗೆ ಮೊದಲು ಸೈಕಲ್ ತುಳಿದ ದಪ್ಪ ಮೈಯ ಗಂಡಸರು, ತಿಂಡಿ ತಿಂದು ತುಳಿದವರಿಗಿಂತ ಸುಮಾರು ಎರಡು ಪಟ್ಟು ಕೊಬ್ಬು ಉರಿಸಿದರು. ಅವರ ಮೈಯಲ್ಲಿ ಇನ್ಸುಲಿನ್ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿದ್ದೂ ಕಂಡಿತು. ಆದರೆ ತೂಕ? ಎರಡೂ ಗುಂಪಿನಲ್ಲಿ ವ್ಯತ್ಯಾಸ ಇಲ್ಲ. ಅದಕ್ಕೂ ಮೊದಲು 2014ರಲ್ಲಿ 20 ಯುವತಿಯರ ಮೇಲೆ 4 ವಾರ ನಡೆದ ಇನ್ನೊಂದು ಪರೀಕ್ಷೆ ಬಂದಿತ್ತು. ಅಲ್ಲಿ ಎರಡೂ ಗುಂಪಿಗೆ ಊಟದ ಲೆಕ್ಕ ಕಟ್ಟುನಿಟ್ಟು. ಖಾಲಿ ಹೊಟ್ಟೆಯವರ ತೂಕವೂ ತಿಂದವರ ತೂಕವೂ ಒಂದೇ ಥರ ಇಳಿಯಿತು. ಬೆಳಗ್ಗೆ ಕೊಬ್ಬು ಜಾಸ್ತಿ ಉರಿಸಿದ ಮೈ ದಿನದ ಉಳಿದ ಹೊತ್ತಿನಲ್ಲಿ ಕಮ್ಮಿ ಉರಿಸಿ ಲೆಕ್ಕ ಸರಿಮಾಡಿಕೊಳ್ಳುತ್ತದೆ ಅನ್ನುವುದು ಇದಕ್ಕೆ ಕೊಡುವ ಒಂದು ವಿವರಣೆ. ಇದನ್ನು ಬೆಂಚಿನ ಹಿರಿಯರಿಗೆ ಹೇಳಿ ನೋಡಿ, ಒಪ್ಪುವುದಿಲ್ಲ.

ನನ್ನ ಅನುಭವದಲ್ಲಿ ಬರೀ ನೀರು ಕುಡಿದು ವಾಕಿಂಗ್ ಹೋದರೆ ಏನೂ ತೊಂದರೆ ಇಲ್ಲ, ಹಾಯಾಗಿರುತ್ತದೆ. ನಿಧಾನದ ಓಟವೂ ಆಗುತ್ತದೆ. ಸ್ಪೀಡು ಹೆಚ್ಚಿಸಿದರೆ ಮಾತ್ರ ಲಾಲ್‌ಬಾಗ್ ಕೆರೆ ಏರಿಯ ಹೊತ್ತಿಗೆ ಕಾಲು ಭಾರ. ಕೆಂಪೇಗೌಡ ಗೋಪುರದ ಬಂಡೆ ಹತ್ತುವಾಗಂತೂ, ಸುಮಾರು 300 ಕೋಟಿ ವರ್ಷದಿಂದ ಅಲ್ಲೇ ಇರುವ ಬಂಡೆ ಇವತ್ತು ನನಗೋಸ್ಕರ ಇನ್ನೂ ಎತ್ತರ ಆಗಿದೆಯೇನೋ ಅನ್ನಿಸುತ್ತದೆ. ಜಿಮ್‌ನಲ್ಲಿ ಸ್ಕ್ವಾಟ್ ಮುಗಿಸಿ ಎದ್ದು ನಿಂತರೆ ಕಣ್ಣು ಕತ್ತಲೆ.

ಇದಕ್ಕಿಂತ ದೊಡ್ಡ ಕಷ್ಟ ಆಮೇಲೆ ಶುರುವಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಓಡಿ ಬಂದ ದಿನ ದರ್ಶಿನಿ ಮುಂದೆ ಸುಮ್ನೆ ಹಾದುಹೋಗಲು ಆಗುವುದೇ ಇಲ್ಲ. ಎರಡು ಇಡ್ಲಿ ಅಂತ ಟೋಕನ್ ತಗೊಂಡವನು ಚೌಚೌ ಬಾತ್ ಮುಗಿಸಿ, ವಡೆ ಹೇಳಿ, ಕೊನೆಗೆ ಕಾಫಿ ಕುಡಿದು ಹೊರಗೆ ಬರುತ್ತೇನೆ. ಉರಿಸಿದ ಕೊಬ್ಬು ವಾಪಸ್, ಜೇಬೂ ಖಾಲಿ.

ಕಾಫಿಗೆ ಬರೋಣ. ರಾತ್ರಿಯೇ ಫಿಲ್ಟರಿಗೆ ಹಾಕಿಟ್ಟರೆ ಬೆಳಗ್ಗೆ ಡಿಕಾಕ್ಷನ್ ರೆಡಿ, ಹಾಲು ಕಾಯಿಸಿದರೆ ಆಯಿತು. ಕೆಫೀನ್ ಓಟಕ್ಕೆ ಸಹಾಯ ಮಾಡುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲ. ಕುಡಿದು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದು ರಕ್ತದಲ್ಲಿ ಪೂರ್ತಿ ಏರಿರುತ್ತದೆ. ಮನಸ್ಸಿಗೂ ಹುರುಪು. ಆದರೆ ಕಾಫಿ ದೊಡ್ಡ ಕರುಳನ್ನೂ ಎಬ್ಬಿಸುತ್ತದೆ. 1990ರಲ್ಲಿ ಬಂದ ಒಂದು ಸಂಶೋಧನೆಯಲ್ಲಿ 99 ಜನರನ್ನು ಕೇಳಿದಾಗ 29 ಶೇಕಡಾ ಮಂದಿ, ಕಾಫಿ ಕುಡಿದರೆ ಶೌಚಕ್ಕೆ ಹೋಗಬೇಕು ಅನ್ನಿಸುತ್ತದೆ ಅಂದರು. ಅಂಥವರ ಕರುಳಿನ ಚಲನೆ ಕುಡಿದ 4 ನಿಮಿಷದಲ್ಲೇ ಹೆಚ್ಚಿತ್ತು. ನಾನು ಆ 29ರ ಪೈಕಿ. ಲಾಲ್‌ಬಾಗ್ 240 ಎಕರೆ, ಗೊತ್ತಲ್ವಾ? ಕಾಫಿ ಕುಡಿದು ಓಡುವವರಿಗೆ ಅಲ್ಲಿ ಶೌಚಾಲಯ ಎಲ್ಲೆಲ್ಲಿದೆ ಅಂತ ಬಾಯಿಪಾಠ ಆಗಿರುತ್ತದೆ. ನಿಮಗೆ ಈ ಸಮಸ್ಯೆ ಇಲ್ಲ, ಹುಳಿ ತೇಗೂ ಬರುವುದಿಲ್ಲ ಅಂದರೆ ಕಾಫಿ ಒಳ್ಳೆಯ ಆಯ್ಕೆಯೇ. ಹಾಲು, ಎರಡು ಚಮಚ ಸಕ್ಕರೆ ಹಾಕಿ ಕುಡಿದು "ನಾನು ಖಾಲಿ ಹೊಟ್ಟೇಲೇ ಓಡೋದು" ಅನ್ನಬೇಡಿ, ಅಷ್ಟೇ.

ಆ ಡಬ್ಬದ ಕಥೆ ಹೀಗೆ. ಜಿಮ್‌ನ ಟ್ರೈನರ್ ಹುಡುಗ ಒಳ್ಳೆಯವನು, ಆದರೆ ಅವನಿಗೆ ಪುಡಿಯ ಮೇಲೆ ಬಹಳ ಪ್ರೀತಿ. "ಖಾಲಿ ಹೊಟ್ಟೇಲಿ ಬರ್ತೀರಲ್ಲ ಬ್ರೋ, ಒಂದು ಸ್ಕೂಪ್ ಹಾಕ್ಕೊಂಡು ಬನ್ನಿ, ಆಮೇಲೆ ನೋಡಿ" ಅಂದ. ಹಾಕಿಕೊಂಡು ಹೋದೆ. ಹತ್ತು ನಿಮಿಷಕ್ಕೆ ಕಿವಿ, ಕೆನ್ನೆ, ಬೆರಳ ತುದಿ ಎಲ್ಲ ಜುಮುಜುಮು. ಇಂಥ ಪ್ರೀ ವರ್ಕೌಟ್ ಪುಡಿಗಳಲ್ಲಿ ಬೀಟಾ ಅಲನೈನ್ ಅನ್ನುವ ಅಂಶ ಇರುತ್ತದೆ, ಜುಮ್ಮೆನ್ನುವುದು ಅದರಿಂದ. ಅಪಾಯ ಇಲ್ಲವಂತೆ, ಆದರೆ ಹಿತವೂ ಇಲ್ಲ. ಡಬ್ಬದ ಮೇಲೆ ಬರೆದಂತೆ ಒಂದು ಸ್ಕೂಪಿಗೆ 200 ಮಿಲಿಗ್ರಾಂ ಕೆಫೀನ್. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಆಫೀಸಿನ ಮೀಟಿಂಗಿನಲ್ಲಿ ಕೂತರೂ ಕಾಲು ಕುಣಿಯುತ್ತಲೇ ಇತ್ತು. ತಮಾಷೆ ಅಂದರೆ ಅದರಲ್ಲಿ ಹೊಟ್ಟೆಗೆ ಆಗುವಂಥದ್ದು ಏನೂ ಇಲ್ಲ. ಹಸಿವು ಹಾಗೇ ಇರುತ್ತದೆ, ಹಸಿದಿದ್ದೀರಿ ಅನ್ನುವುದು ಗೊತ್ತಾಗುವುದಿಲ್ಲ, ಅಷ್ಟೇ. ವಾಪಸ್ ಕೊಡಲು ಹೋದರೆ ಅಂಗಡಿಯವರು ಸೀಲ್ ತೆಗೆದಿದ್ದೀರಲ್ಲ ಅಂದರು. ಮಳೆಗಾಲ ಬಂತು, ಥಂಡಿ ಹಿಡಿದು ಒಳಗಿನ ಪುಡಿ ಕಲ್ಲಾಯಿತು. ಈಗ ಚಮಚ ಇಳಿಯುವುದಿಲ್ಲ.

ರಾಗಿ ಗಂಜಿ ನನಗೆ ಇಷ್ಟ. ಆದರೆ ಕಾಯಿಸಬೇಕು, ಆರಿಸಬೇಕು, ಕುಡಿದು ಮುಕ್ಕಾಲು ಗಂಟೆಯಾದರೂ ಬಿಡಬೇಕು. ಬಿಡದೆ ಓಡಿದರೆ ಹೊಟ್ಟೆಯಲ್ಲಿ ಕುಲುಕುತ್ತದೆ. ಓಡಿ ಬಂದ ಮೇಲೆ ಇದಕ್ಕಿಂತ ಒಳ್ಳೆಯದಿಲ್ಲ.

ಖರ್ಜೂರ ಎರಡನೇ ಸ್ಥಾನ. ಕೆಡುವುದಿಲ್ಲ, ಜೇಬಿನಲ್ಲಿ ಇಟ್ಟುಕೊಳ್ಳಬಹುದು, ಆದರೆ ಹಲ್ಲಿಗೆ ಅಂಟುತ್ತದೆ.

ಇನ್ನು ಏಲಕ್ಕಿ ಬಾಳೆ. ಎರಡು ಹಣ್ಣಿಗೆ ಸುಮಾರು 20 ಗ್ರಾಂ ಕಾರ್ಬ್, ಅಂದರೆ ಸಕ್ಕರೆ ಪಿಷ್ಟದ ಅಂಶ, ಸಿಗುತ್ತದೆ. ಲಿವರಿನಲ್ಲಿ ರಾತ್ರಿ ಖಾಲಿಯಾದದ್ದನ್ನು ಇದು ತುಂಬುವುದಿಲ್ಲ, ಆದರೆ ಒಂದು ಗಂಟೆಯ ಓಟಕ್ಕೆ ಧಾರಾಳ ಸಾಕು. ಹೊಟ್ಟೆ ಭಾರ ಇಲ್ಲ. ಮುಖ್ಯವಾಗಿ, ಆಮೇಲೆ ದರ್ಶಿನಿಯಲ್ಲಿ ಎರಡು ಇಡ್ಲಿಗೆ ನಿಲ್ಲಿಸುವ ಬುದ್ಧಿ ಇರುತ್ತದೆ.

ಇದರ ತೊಂದರೆ ಒಂದೇ, ಆದರೆ ದಿನಾ ತಲೆ ತಿನ್ನುವಂಥದ್ದು. ಇದು ನಮ್ಮ ಟೈಮಿಗೆ ಹಣ್ಣಾಗುವುದಿಲ್ಲ. ಶನಿವಾರ ಒಂದು ಚಿಪ್ಪು ತಂದರೆ ಸೋಮವಾರದವರೆಗೆ ದೋರೆ, ಅಂದರೆ ಅರೆಹಣ್ಣು. ಮಂಗಳವಾರ ಪರವಾಗಿಲ್ಲ. ಬುಧವಾರ ಇಡೀ ಚಿಪ್ಪು ಒಟ್ಟಿಗೆ ಹಣ್ಣು. ಗುರುವಾರ ಬೆಳಗ್ಗೆ ಲೈಟ್ ಹಾಕಿದರೆ ನಾಲ್ಕಾರು ಹಣ್ಣು ತೊಟ್ಟು ಬಿಟ್ಟು ಕಟ್ಟೆ ಮೇಲೆ ಬಿದ್ದಿರುತ್ತವೆ, ಸಿಪ್ಪೆ ಒಡೆದಿರುತ್ತದೆ, ಸುತ್ತ ಸಣ್ಣ ನೊಣ. ಶುಕ್ರವಾರಕ್ಕೆ ಹಣ್ಣೇ ಇಲ್ಲ.

ದೋರೆ ಆದರೇನು, ತಿಂದರಾಯಿತು ಅಂತ ತಿಂದು ಓಡಿ ನೋಡಿದ್ದೇನೆ. ಕೆರೆ ಏರಿಯ ಮೇಲೆ ಹೊಟ್ಟೆ ಗುಡುಗುಡು. ಕಾಯಿಯಲ್ಲಿ ಇರುವುದು ಹೆಚ್ಚಾಗಿ ಪಿಷ್ಟ, ಹಣ್ಣಾಗುತ್ತಾ ಅದೇ ಸಕ್ಕರೆಯಾಗುತ್ತದೆ. ಪೂರ್ತಿ ಹಣ್ಣಾಗದಿದ್ದರೆ ಆ ಪಿಷ್ಟದಲ್ಲಿ ಒಂದಿಷ್ಟು ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಗ್ಯಾಸ್ ಆಗುತ್ತದೆ. ಬಣ್ಣ ನೋಡಿ ತರೋಣ ಅಂದರೆ ಅದನ್ನೂ ನಂಬುವಂತಿಲ್ಲ. ಮಂಡಿಯಲ್ಲಿ ಎಥಿಲೀನ್ ಗ್ಯಾಸ್ ಕೊಟ್ಟು ಹಣ್ಣು ಮಾಡುತ್ತಾರೆ, 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 100 ಪಾಲಿನವರೆಗೆ, ಅದಕ್ಕೆ ಅನುಮತಿಯೂ ಇದೆ. ನಿಷೇಧ ಇರುವುದು ಕಾರ್ಬೈಡಿಗೆ. ಹೇಗೆ ಹಣ್ಣು ಮಾಡಿದರೂ ಅವಸರ ಮಾಡಿದರೆ ಸಿಪ್ಪೆ ಅರಿಶಿನದ ಹಾಗೆ ಹಳದಿ, ಒಳಗೆ ತಿರುಳು ಇನ್ನೂ ಗಟ್ಟಿ, ಕಚ್ಚಿದರೆ ನಾಲಿಗೆಗೆ ಒಗರು.

ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಒಳಗಿನ ಹಣ್ಣು ಚೆನ್ನಾಗೇ ಇರುತ್ತದೆ. ಆದರೆ ಡಿಸೆಂಬರಿನ ಬೆಳಗ್ಗೆ ಐದೂವರೆಗೆ ತಣ್ಣನೆ ಬಾಳೆಹಣ್ಣು ಕಚ್ಚುವುದು ನನ್ನ ಹಲ್ಲಿಗೆ ಆಗದ ಕೆಲಸ. ಜಾಸ್ತಿ ಹಣ್ಣಾದವು ವ್ಯರ್ಥ ಆಗದಿರಲಿ ಅಂತ ಅಮ್ಮ ಮಂಗಳೂರು ಬನ್ಸ್ ಮಾಡುತ್ತಾರೆ. ಎಣ್ಣೆಯಲ್ಲಿ ಕರಿದದ್ದು. ಒಂದಕ್ಕೆ ನಿಲ್ಲಿಸುವವರು ಯಾರು?

ದಾರಿ ಕಂಡದ್ದು ನಮ್ಮ ಬೀದಿ ತುದಿಯ ತಳ್ಳುಗಾಡಿಯವರ ಹತ್ತಿರ. "ಎರಡು ಹಣ್ಣು, ಎರಡು ದೋರೆ, ಎರಡು ಕಾಯಿ ಹೀಗೆ ಕಿತ್ತು ಕೊಡಿ ಅಣ್ಣ" ಅಂತ ಕೇಳಿದ್ದೆ. ಅವರು ತಕ್ಕಡಿ ಕೆಳಗಿಟ್ಟು, "ಹಂಗೆಲ್ಲ ಕಿತ್ರೆ ಚಿಪ್ಪು ಯಾರು ತಗೋತಾರೆ ಸಾರ್? ಪೂಜೆಗೆ ಒಯ್ಯೋರು ಬಾಯಿಗೆ ಬಂದಂಗೆ ಬೈತಾರೆ" ಅಂದರು. ಸರಿಯೇ. ಆಮೇಲೆ ಗಾಡಿ ಮೂಲೆಯ ಗೋಣಿತಾಟು ಸರಿಸಿ ತೋರಿಸಿದರು. ಚಿಪ್ಪಿನಿಂದ ತಾನಾಗೇ ಉದುರಿದ ಹಣ್ಣುಗಳು, ಒಂದು ಚಿಕ್ಕ ಗುಡ್ಡೆ. ಸಿಪ್ಪೆ ಕಾಗದದಷ್ಟು ತೆಳು, ಅಲ್ಲಲ್ಲಿ ಕಂದು ಚುಕ್ಕಿ, ಮೂಗಿಗೆ ಹತ್ತಿರ ತಂದರೆ ಘಮ್ ಅನ್ನುವ ವಾಸನೆ. ದೇವರಿಗೆ ಇಡಲು ಬರುವುದಿಲ್ಲ, ತಾಂಬೂಲಕ್ಕೂ ಆಗುವುದಿಲ್ಲ, ಹಾಗಾಗಿ ರೇಟು ಕಮ್ಮಿ. ಓಡುವವರಿಗೆ ಬೇಕಾದದ್ದು ಅದೇ ಹದ! ಏಲಕ್ಕಿ ಹಣ್ಣಾದ ಮೇಲೆ ತೊಟ್ಟಿನಲ್ಲಿ ನಿಲ್ಲುವುದಿಲ್ಲ, ಉದುರಿದೆ ಅಂದರೆ ಹಣ್ಣಾಗಿದೆ ಅಂತಲೇ ಲೆಕ್ಕ. ಈಗ ಎರಡು ದಿನಕ್ಕೊಮ್ಮೆ ಸಂಜೆ ಬಸ್ಸಿಳಿದು ಬರುವಾಗ ನಾಲ್ಕೈದು ಉದುರು ಹಣ್ಣು ತರುತ್ತೇನೆ. ಸಿಪ್ಪೆ ಒಡೆದದ್ದು ಬೇಡ ಅಂತ ಮಾತ್ರ ಹೇಳಬೇಕು.

ವರಮಹಾಲಕ್ಷ್ಮಿ, ಗೌರಿ ಗಣೇಶ ಹಬ್ಬದ ವಾರ ಏಲಕ್ಕಿ ಕೆಜಿಗೆ ನೂರು ದಾಟಿ ಕೈಗೆ ಸಿಗುವುದಿಲ್ಲ. ಆಗ ಪಚ್ಚಬಾಳೆ, ಒಂದು ಸಾಕು. ರುಚಿ ಸಪ್ಪೆ, ಕೆಲಸ ಅದೇ.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಬೇಡಿ, ಡಾಕ್ಟರ್ ಮಾತು ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು, ಇನ್ಸುಲಿನ್ ಹೆಚ್ಚಿಸುವ ಶುಗರ್ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ಬಿರುಸಾಗಿ ನಡೆದರೂ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬರಬಹುದು. ಅಪ್ಪ ಅಂಥ ಮಾತ್ರೆಯವರು. ಭಾನುವಾರ ಹೊರಡುವ ಮುಂಚೆ ಮೀಟರಿನಲ್ಲಿ ಬೆರಳು ಚುಚ್ಚಿ ನೋಡುತ್ತಾರೆ, ಡಾಕ್ಟರ್ ಹೇಳಿದ ನಂಬರಿಗಿಂತ ಕಮ್ಮಿ ಇದ್ದರೆ ಎರಡು ಬಿಸ್ಕತ್ತು ತಿಂದೇ ಚಪ್ಪಲಿ ಮೆಟ್ಟುವುದು. ನಾನು ಅವರ ಜೊತೆ ಬರೀ ನೀರು ಕುಡಿದು ನಡೆಯುತ್ತೇನೆ, ಆ ಸ್ಪೀಡಿಗೆ ಬಾಳೆಹಣ್ಣು ದಂಡ.

ಏಳು ಗಂಟೆಗೆ ಎದ್ದು ಹತ್ತಕ್ಕೆ ಜಿಮ್‌ಗೆ ಹೋಗುವ ಪುಣ್ಯವಂತರಿಗೆ ಈ ರಗಳೆ ಬೇಡ. ಮನೆಯಲ್ಲೇ ನಾಲ್ಕು ಇಡ್ಲಿ ತಿಂದು ಹೋಗಿ, ವಡೆ ಬೇಡ, ಎಣ್ಣೆ ಪದಾರ್ಥ ಹೊಟ್ಟೆಯಿಂದ ಬೇಗ ಇಳಿಯುವುದಿಲ್ಲ. ಸಂಜೆ ವ್ಯಾಯಾಮ ಮಾಡುವವರಿಗೆ ಮಧ್ಯಾಹ್ನದ ಊಟವೇ ಸಾಕು. ನನ್ನ ಹಾಗೆ ಕತ್ತಲಲ್ಲಿ ಶೂ ಹುಡುಕುವವರಿಗೆ ಮಾತ್ರ ಈ ಎರಡು ಹಣ್ಣಿನ ಲೆಕ್ಕ. ಬೆಂಗಳೂರಿನ ವರ್ಲ್ಡ್ 10ಕೆ, ಅಂದರೆ 10 ಕಿಲೋಮೀಟರ್ ಓಟದ ದಿನ ಮೂರು ತಿನ್ನುತ್ತೇನೆ, ಕಾಫಿ ಮುಟ್ಟುವುದಿಲ್ಲ. ಅವತ್ತು ಶೌಚಾಲಯದ ಮುಂದಿನ ಕ್ಯೂ ನೋಡಿದವರಿಗೆ ಯಾಕೆ ಅಂತ ಗೊತ್ತು.