‘ನೂರು ಫ್ಯಾಕೋ’ ಎಂದು ಬರೆದುಕೊಡುವ ಫೆಲೋಶಿಪ್‌ಗಳ ಬಗ್ಗೆ

ನೇತ್ರಶಾಸ್ತ್ರದಲ್ಲಿ ಎಂ.ಎಸ್. ಮುಗಿಸಿ, ಫ್ಯಾಕೋ ಅಂದರೆ ಕಣ್ಣಿನ ಪೊರೆಯನ್ನು ಯಂತ್ರದಿಂದ ಒಡೆದು ತೆಗೆಯುವ ಶಸ್ತ್ರಚಿಕಿತ್ಸೆ ಕಲಿಸುವ ಫೆಲೋಶಿಪ್‌ಗೆ ಅರ್ಜಿ ಹಾಕಲು ಹೊರಟಿರುವ ಕಿರಿಯರು, ಅದರಲ್ಲೂ ನನ್ನಂತೆ ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ದೊಡ್ಡ ಊರಿಗೆ ಹೋಗುವವರು, ಕರಾರಿಗೆ ಸಹಿ ಹಾಕುವ ಮೊದಲು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಹೆಸರಿಗಿಂತ ಅದರ ರೀತಿಯನ್ನು ಗುರುತಿಸುವುದು ಮುಖ್ಯ.

ಎಂ.ಎಸ್.ನ 3 ವರ್ಷಗಳಲ್ಲಿ ಎಸ್‌ಐಸಿಎಸ್ (ಸಣ್ಣ ಗಾಯ ಮಾಡಿ ಕೈಯಿಂದಲೇ ಪೊರೆ ತೆಗೆಯುವ ಶಸ್ತ್ರಚಿಕಿತ್ಸೆ) ನನ್ನ ಕೈಗೆ ಚೆನ್ನಾಗಿಯೇ ಹತ್ತಿತ್ತು. ಅದರಲ್ಲಿ 6–7 ಮಿಲಿಮೀಟರಿನ ಸುರಂಗ ಮಾಡಿ ಗಟ್ಟಿಯಾದ ನ್ಯೂಕ್ಲಿಯಸ್ಸನ್ನು, ಅಂದರೆ ಕಣ್ಣಿನ ಮಸೂರದ ತಿರುಳನ್ನು, ಇಡಿಯಾಗಿ ಹೊರತೆಗೆಯುತ್ತೇವೆ. ಫ್ಯಾಕೋ ಹಾಗಲ್ಲ. 3 ಮಿಲಿಮೀಟರಿಗಿಂತ ಚಿಕ್ಕ ಗಾಯದೊಳಗಿನಿಂದ ನ್ಯೂಕ್ಲಿಯಸ್ಸನ್ನು ಅಲ್ಟ್ರಾಸೌಂಡ್ ಕಂಪನದಿಂದ ಒಡೆದು ಹೀರಬೇಕು. ಒಂದು ಕಾಲು ಮೈಕ್ರೋಸ್ಕೋಪಿನ ಪೆಡಲ್ ಮೇಲೆ, ಇನ್ನೊಂದು ಯಂತ್ರದ ಪೆಡಲ್ ಮೇಲೆ. ಆ ಎರಡನೆಯ ಪೆಡಲಿನಲ್ಲಿ ನೀರು ಬಿಡುವುದು, ಹೀರುವುದು, ಕಂಪನ ಕೊಡುವುದು ಎಂದು ಮೂರು ಹಂತಗಳು. ಪಕ್ಕದಲ್ಲಿ ನಿಂತು ಎಷ್ಟು ನೋಡಿದರೂ ಕಾಲಿಗೆ ಆ ಹಂತಗಳ ಅಂದಾಜು ಬರುವುದಿಲ್ಲ. ಕಾಲು ತಪ್ಪಿ ಹಿಂಬದಿಯ ಕ್ಯಾಪ್ಸೂಲ್ (ಮಸೂರದ ತೆಳು ಚೀಲ) ಹರಿದು ನ್ಯೂಕ್ಲಿಯಸ್ ಕಣ್ಣಿನ ಹಿಂಭಾಗದ ಲೋಳೆಯಾದ ವಿಟ್ರಿಯಸ್‌ಗೆ ಜಾರಿದರೆ ರೆಟಿನಾ ಸರ್ಜನ್ ಬೇಕಾಗುತ್ತದೆ, ಅಂದರೆ ಶಿರಸಿಯ ರೋಗಿ ಅದೇ ಕಣ್ಣನ್ನು ಹೊತ್ತು ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಬೇಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡುವವನಿಗೆ ಅರೆಬರೆ ಕಲಿಕೆ ಸಾಲದು ಎಂದೇ ನಾನು ಹೋಗಿದ್ದು.

ಒಪ್ಪಂದ ಹೀಗಿತ್ತು: 18 ತಿಂಗಳ ಅವಧಿ, 2 ಲಕ್ಷ ರೂಪಾಯಿ ಠೇವಣಿ, ನಡುವೆ ಬಿಟ್ಟರೆ ಠೇವಣಿ ಮುಟ್ಟುಗೋಲು, ಮೂಲ ಅಂಕಪಟ್ಟಿಗಳು ಅವರ ಕಪಾಟಿನಲ್ಲಿ. ಪ್ರತಿಯಾಗಿ ‘ನೂರು ಫ್ಯಾಕೋ’. ಅಪ್ಪ ಅಡಿಕೆಯ ಮೇಲೆ ಸೇವಾ ಸಹಕಾರಿ ಸಂಘದಲ್ಲಿ ಸಾಲ ಎತ್ತಿ ಠೇವಣಿಯ ಹಣ ಕೊಟ್ಟರು.

ಮೊದಲ 5 ತಿಂಗಳು ನಾನು ಥಿಯೇಟರ್ ಕಂಡಿದ್ದೇ ಅಪರೂಪ. ಬೆಳಿಗ್ಗೆ ಆರಕ್ಕೆ ವ್ಯಾನ್ ಹತ್ತಿ ಶಿಬಿರಕ್ಕೆ ಹೋಗಿ ಟಾರ್ಚ್ ಹಿಡಿದು ಪೊರೆ ಗುರುತಿಸುವುದು, ಉಳಿದ ದಿನಗಳಲ್ಲಿ ಹೊರರೋಗಿ ವಿಭಾಗದಲ್ಲಿ ಎಂಬತ್ತು ತೊಂಬತ್ತು ಜನರನ್ನು ನೋಡುವುದು, ಸಂಜೆ ಲೆನ್ಸ್ ಪವರ್‌ಗಾಗಿ ಎ–ಸ್ಕ್ಯಾನ್ ಮಾಡುವುದು. ಶಿಬಿರದ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ಕಲಿಯಲು ಠೇವಣಿ ಇಡಬೇಕಾಗಿರಲಿಲ್ಲ. ಆಮೇಲೆ ಥಿಯೇಟರಿಗೆ ಕರೆದರು. ಒಂದು ಕಣ್ಣಿನಲ್ಲಿ ಸೈಡ್ ಪೋರ್ಟ್ (ಪಕ್ಕದ ಚಿಕ್ಕ ರಂಧ್ರ) ಮಾಡಲು ಬಿಟ್ಟರು, ಇನ್ನೊಂದರಲ್ಲಿ ಕಣ್ಣಿನೊಳಗೆ ಜಾಗ ಉಳಿಸುವ ಲೋಳೆಯಾದ ವಿಸ್ಕೋ ತುಂಬಲು, ಮತ್ತೊಂದರಲ್ಲಿ ಕೊನೆಗೆ ಗಾಯದ ಅಂಚಿಗೆ ನೀರು ಕೊಡಲು. ಹೀಗೆ ಒಂದೊಂದು ಹೆಜ್ಜೆಗೆ ಕೈ ಹಾಕಿದ್ದೂ ಲಾಗ್‌ಬುಕ್ಕಿನಲ್ಲಿ ಒಂದೊಂದು ಕೇಸ್ ಆಗಿ ಏರುತ್ತಿತ್ತು. ಹನ್ನೊಂದನೆಯ ತಿಂಗಳಿಗೆ ಪುಸ್ತಕದಲ್ಲಿ 112 ಕೇಸುಗಳಿದ್ದವು. ರೆಕ್ಸಿಸ್‌ನಿಂದ (ಮಸೂರದ ಚೀಲವನ್ನು ಮುಂದಿನಿಂದ ದುಂಡಗೆ ತೆರೆಯುವುದರಿಂದ) ಲೆನ್ಸ್ ಕೂರಿಸುವವರೆಗೆ ನಾನೊಬ್ಬನೇ ಮಾಡಿದ್ದು 9.

ವಿಚಾರಿಸಿದಾಗ ಆಡಳಿತಾಧಿಕಾರಿ ಸಿಟ್ಟಾಗಲಿಲ್ಲ. “ಪತ್ರದಲ್ಲಿ ಪಾರ್ಟಿಸಿಪೇಶನ್ ಅಂತಿದೆ ಡಾಕ್ಟ್ರೇ, ಸರಿಯಾಗಿ ಓದಿ ನೋಡಿ” ಎಂದು ನಗುತ್ತಲೇ ಹೇಳಿದರು. ಓದಿದೆ, ಹಾಗೆಯೇ ಇತ್ತು. ಸಂಖ್ಯೆಯ ಮೇಲೆ ಕಣ್ಣಿಟ್ಟು ಅದರ ಹಿಂದಿನ ಪದವನ್ನು ಬಿಟ್ಟದ್ದು ನನ್ನ ತಪ್ಪು.

ಪ್ರಮಾಣಪತ್ರದ ವಿಷಯದಲ್ಲೂ ಗೊಂದಲ ಬೇಡ. ರಾಷ್ಟ್ರೀಯ ಪರೀಕ್ಷಾ ಮಂಡಳಿಯು ವಿಟ್ರಿಯೋ ರೆಟಿನಾದಂಥ ವಿಷಯಗಳಲ್ಲಿ ಪ್ರವೇಶ ಪರೀಕ್ಷೆ ನಡೆಸಿ ಕೊಡುವ ಎಫ್‌ಎನ್‌ಬಿ ಎಂಬ ಫೆಲೋಶಿಪ್ ಬೇರೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಫೆಲೋಶಿಪ್ ಬೇರೆ, ಆಸ್ಪತ್ರೆಯೊಂದು ತನ್ನ ಲೆಟರ್‌ಹೆಡ್ಡಿನಲ್ಲಿ ಕೊಡುವುದು ಬೇರೆ. ಮೂರನೆಯದೆಲ್ಲ ಮೋಸವೆಂದಲ್ಲ, ಮದುರೈನ ಅರವಿಂದ, ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆಗಳ ತರಬೇತಿಗೆ ದೇಶದಲ್ಲೆಲ್ಲ ಬೆಲೆಯಿರುವುದು ಅಲ್ಲಿ ಕಲಿತವರ ಕೈಗುಣದಿಂದ. ಕಲಿಸದ ಆಸ್ಪತ್ರೆಯ ಕಾಗದಕ್ಕೆ ಆ ಆಸರೆಯೂ ಇರುವುದಿಲ್ಲ.

ಆದ್ದರಿಂದ ‘ಕೇಸ್’ ಎಂದರೆ ಏನು, ಆರಂಭದಿಂದ ಕೊನೆಯವರೆಗೆ ಸ್ವತಂತ್ರವಾಗಿ ಮಾಡಲು ಸಿಗುವುದು ಎಷ್ಟು, ಯಾವ ತಿಂಗಳಿನಿಂದ ಎಂಬುದನ್ನು ಬರವಣಿಗೆಯಲ್ಲೇ ಕೇಳಿರಿ. ಹಿಂದಿನ ತಂಡದ ಫೆಲೋಗಳ ಜೊತೆ, ಆಸ್ಪತ್ರೆ ತಾನಾಗಿ ತೋರಿಸಿದವರನ್ನು ಬಿಟ್ಟು, ನೀವೇ ಹುಡುಕಿ ಮಾತನಾಡಿ. ನಾನು ಸೇರಿದಾಗ ಒಂದೇ ಯಂತ್ರಕ್ಕೆ 6 ಜನ ಫೆಲೋಗಳಿದ್ದೆವು. ಒಂದು ದಿನ ಹೋಗಿ ಥಿಯೇಟರಿನಲ್ಲಿ ನಿಂತಿದ್ದರೆ ಅದು ಅಂದೇ ತಿಳಿಯುತ್ತಿತ್ತು. ವೆಟ್ ಲ್ಯಾಬ್ (ಪ್ರಾಣಿಗಳ ಕಣ್ಣಿನ ಮೇಲೆ ಅಭ್ಯಾಸ ಮಾಡುವ ಕೋಣೆ) ಇದೆಯೆಂದರೆ ಬೀಗ ತೆಗೆಸಿ ನೋಡಿ. ದೃಢೀಕೃತ ಪ್ರತಿಗಳನ್ನು ಬಿಟ್ಟು ಮೂಲ ದಾಖಲೆಗಳನ್ನು ಯಾರ ಕೈಗೂ ಕೊಡಬೇಡಿ. ಠೇವಣಿಗಿಂತ ಹೆಚ್ಚು ನನ್ನನ್ನು ಕಟ್ಟಿಹಾಕಿದ್ದು ಅವೇ.

ಹದಿನಾಲ್ಕನೆಯ ತಿಂಗಳಲ್ಲಿ ಬಿಟ್ಟು ಬಂದೆ. ಠೇವಣಿ ಹೋಯಿತು. ಅಂಕಪಟ್ಟಿಗಳು ವಕೀಲರ ನೋಟಿಸ್ ಹೋದ ಮೇಲೆ, ಹತ್ತು ವಾರಕ್ಕೆ, ಅಂಚೆಯಲ್ಲಿ ಬಂದವು. ಈಗ ಶಿರಸಿಯಲ್ಲಿ ಎಸ್‌ಐಸಿಎಸ್ ಮಾಡುತ್ತೇನೆ. ತೀರ ಗಟ್ಟಿಯಾಗುವವರೆಗೆ ಪೊರೆಯನ್ನು ಮುಂದೂಡಿ ಬರುವ ನಮ್ಮ ಹಿರಿಯರಿಗೆ ಅದು ಒಳ್ಳೆಯ ಶಸ್ತ್ರಚಿಕಿತ್ಸೆಯೇ. ತಿಂಗಳಿಗೆ ಎರಡು ಶನಿವಾರ ಹುಬ್ಬಳ್ಳಿಯ ಹಿರಿಯ ವೈದ್ಯರೊಬ್ಬರಲ್ಲಿ ಫ್ಯಾಕೋ ಕಲಿಯಲು ಹೋಗುತ್ತೇನೆ. ಮೊದಲ ದಿನ ಅವರು, “ಪೂರ್ತಿ ನೀನೇ ಮಾಡಿದ್ದು ಎಷ್ಟಪ್ಪ?” ಎಂದು ಕೇಳಿದರು. ಒಂಬತ್ತು ಎಂದೆ. ಲಾಗ್‌ಬುಕ್ಕನ್ನು ಪಕ್ಕಕ್ಕೆ ಸರಿಸಿ, ಆಡಿನ ಕಣ್ಣೊಂದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಚಪ್ಪಲಿ ಬಿಟ್ಟು ಪೆಡಲ್ ಮೇಲೆ ಕಾಲಿಡಲು ಹೇಳಿದರು.