ಮಿದುಳಿಗೆ ರಕ್ತ ಎಷ್ಟು, ಅದರ ಖರ್ಚು ಎಷ್ಟು: ಎಂಆರ್‌ಐನ ಕೆಲವು ವಿಧಾನಗಳ ಹೋಲಿಕೆ

ಮಿದುಳಿನ ರಕ್ತದ ಹರಿವನ್ನು ಎಂಆರ್‌ಐನಲ್ಲಿ ನೋಡಬೇಕು, ಯಾವ ಸ್ಕ್ಯಾನ್ ಹಾಕಲಿ? ಲ್ಯಾಬ್‌ಗೆ ಹೊಸದಾಗಿ ಬಂದವರು ಮೊದಲು ಕೇಳುವ ಪ್ರಶ್ನೆ ಇದು. ನಾನು ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ನಿಮಗೆ ಬೇಕಾಗಿರುವುದು ಹರಿವೋ, ಖರ್ಚೋ? ಅಂದರೆ ಮಿದುಳಿಗೆ ಎಷ್ಟು ರಕ್ತ ಬರುತ್ತಿದೆ ಎಂಬುದೋ, ಬಂದ ರಕ್ತದಿಂದ ಅದು ಎಷ್ಟು ಆಮ್ಲಜನಕ ತೆಗೆದುಕೊಳ್ಳುತ್ತಿದೆ ಎಂಬುದೋ? ಎರಡೂ ಒಂದೇ ಅಂದುಕೊಂಡು ಹೊರಟರೆ ಚಿತ್ರವೇನೋ ಚೆಂದ ಬರುತ್ತದೆ, ಅದರಿಂದ ತೆಗೆಯುವ ಅರ್ಥ ತಪ್ಪಾಗುತ್ತದೆ.

ಮಿದುಳು ದೇಹದ ತೂಕದಲ್ಲಿ ಸುಮಾರು ಶೇ. 2. ನಾವು ಸುಮ್ನೆ ಮಲಗಿದ್ದಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಹೋಗುತ್ತದೆ. ದೊಡ್ಡವರಲ್ಲಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಬರುತ್ತದೆ. ನರಕೋಶಗಳಿರುವ ಬೂದು ಭಾಗಕ್ಕೆ ಜಾಸ್ತಿ, ನರತಂತುಗಳಿರುವ ಬಿಳಿ ಭಾಗಕ್ಕೆ ಕಡಿಮೆ. ಯಾವುದೇ ವಿಧಾನವನ್ನು ನಾನು ಮೊದಲು ಅಳೆಯುವುದು ಇದರಿಂದಲೇ: ಅದು ಹೀಗೆ ಯುನಿಟ್ ಇರುವ ಸಂಖ್ಯೆ ಕೊಡುತ್ತದೆಯೇ, ಇಲ್ಲವೇ?

ನಾನು ಕೆಲಸ ಮಾಡುವುದು 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಸ್ಕ್ಯಾನರ್‌ನಲ್ಲಿ. ಇಲ್ಲಿ ಹೋಲಿಸುವ ಬಹುತೇಕ ಸ್ಕ್ಯಾನ್‌ಗಳಿಗೆ ನಾನೇ ಒಳಗೆ ಮಲಗಿದ್ದೇನೆ, ಡೇಟಾವನ್ನೂ ನಾನೇ ಕೂತು ಬಿಡಿಸಿದ್ದೇನೆ. ಗ್ಯಾಡೋಲಿನಿಯಂ ಎಂಬ ಲೋಹವಿರುವ ಕಾಂಟ್ರಾಸ್ಟ್ (ಚಿತ್ರದಲ್ಲಿ ವ್ಯತ್ಯಾಸ ತೋರಿಸುವ ಮದ್ದು) ಚುಚ್ಚುವ ವಿಧಾನವನ್ನು ಮಾತ್ರ ನನ್ನ ಮೇಲೆ ಮಾಡಿಸಿಕೊಂಡಿಲ್ಲ. ಚಿಕಿತ್ಸೆಗಾಗಿ ಆ ಸ್ಕ್ಯಾನ್ ಬೇಕಾದವರ ಡೇಟಾ ಮೇಲೆ ಕೆಲಸ ಮಾಡಿದ್ದೇನೆ.

ಎಲ್ಲರಿಗೂ ಗೊತ್ತಿರುವ ಬೋಲ್ಡ್‌ನಿಂದ, ಅಂದರೆ ರಕ್ತದ ಆಮ್ಲಜನಕದ ಮಟ್ಟಕ್ಕೆ ತಕ್ಕಂತೆ ಬದಲಾಗುವ ಸಿಗ್ನಲ್ ಹಿಡಿಯುವ ಸ್ಕ್ಯಾನ್‌ನಿಂದ ಶುರು ಮಾಡೋಣ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಯಸ್ಕಾಂತಕ್ಕೆ ಬೇರೆ ರೀತಿ ಸ್ಪಂದಿಸುತ್ತದೆ ಎಂದು ಪೌಲಿಂಗ್ ಮತ್ತು ಕೊರಿಯೆಲ್ 1936ರಲ್ಲೇ ತೋರಿಸಿದ್ದರು. 1990ರಲ್ಲಿ ಸೇಜಿ ಒಗಾವಾ ಇಲಿಗಳ ಮಿದುಳಿನಲ್ಲಿ ಆ ವ್ಯತ್ಯಾಸವನ್ನೇ ಚಿತ್ರವಾಗಿ ಹಿಡಿದರು. 1992ರಲ್ಲಿ ಮನುಷ್ಯರ ಮೇಲಿನ ಫಲಿತಾಂಶಗಳು ಬಂದವು. ಬಳಸುವುದಕ್ಕೆ ಇಷ್ಟು ಸುಲಭವಾದದ್ದು ಬೇರೆ ಇಲ್ಲ. ಚುಚ್ಚುವುದು ಬೇಡ, ಬೇರೆ ಸಲಕರಣೆ ಬೇಡ. ಬೆರಳು ಆಡಿಸಲು ಹೇಳಿದರೆ ಐದಾರು ಸೆಕೆಂಡಿನಲ್ಲಿ ಕೈಯ ಚಲನೆಗೆ ಸಂಬಂಧಿಸಿದ ಜಾಗದಲ್ಲಿ ಸಿಗ್ನಲ್ ಮೇಲೇರುತ್ತದೆ. ಎಲ್ಲಿ ಕೆಲಸ ನಡೆಯುತ್ತಿದೆ ಎಂದು ಕೇಳಿದರೆ ಬೋಲ್ಡ್ ಚೆನ್ನಾಗಿ ಉತ್ತರಿಸುತ್ತದೆ.

ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಒಂದು ವಾಕ್ಸೆಲ್‌ನಲ್ಲಿ (ಚಿತ್ರದ ಒಂದು ಪುಟ್ಟ ಘನದಲ್ಲಿ) ಸಿಗ್ನಲ್ 800 ಇದೆ, ಇನ್ನೊಂದರಲ್ಲಿ 1200 ಇದೆ ಅಂದರೆ ಅದು ಸ್ಕ್ಯಾನರ್ ತನ್ನ ಲೆಕ್ಕಕ್ಕೆ ಇಟ್ಟುಕೊಂಡ ಸಂಖ್ಯೆ ಅಷ್ಟೇ. ರಕ್ತದ ಹರಿವು, ರಕ್ತದ ಪ್ರಮಾಣ, ಆಮ್ಲಜನಕದ ಬಳಕೆ, ಈ ಮೂರೂ ಬೆರೆತು ಒಂದೇ ಸಿಗ್ನಲ್ ಆಗಿ ಬರುತ್ತವೆ. ಬೋಲ್ಡ್ ಮೇಲೇರಿದ್ದನ್ನು ನೋಡಿ ಆಮ್ಲಜನಕ ಜಾಸ್ತಿ ಖರ್ಚಾಯಿತು ಅನ್ನುವವರು ಇದ್ದಾರೆ. ನಿಜ ಹೇಳಬೇಕೆಂದರೆ ಸಿಗ್ನಲ್ ಏರುವುದೇ ಖರ್ಚಿಗಿಂತ ಹರಿವು ಜಾಸ್ತಿ ಆದಾಗ. ಫಾಕ್ಸ್ ಮತ್ತು ರೈಕಲ್ 1986ರಲ್ಲಿ ಪೆಟ್ ಸ್ಕ್ಯಾನ್‌ನಲ್ಲಿ (ವಿಕಿರಣ ಸೂಸುವ ವಸ್ತುವನ್ನು ದೇಹಕ್ಕೆ ಕೊಟ್ಟು ನೋಡುವ ಸ್ಕ್ಯಾನ್) ಇದನ್ನು ಅಳೆದಿದ್ದರು. ಬೆರಳಿಗೆ ಸ್ಪರ್ಶದ ಪ್ರಚೋದನೆ ಕೊಟ್ಟಾಗ ಆ ಜಾಗದ ಹರಿವು ಶೇ. 29ರಷ್ಟು ಏರಿತು, ಆಮ್ಲಜನಕದ ಬಳಕೆ ಏರಿದ್ದು ಶೇ. 5ರಷ್ಟು. ಇವೆರಡರ ನಡುವಿನ ಅಂತರದಿಂದಲೇ ಬೋಲ್ಡ್ ಬದುಕುತ್ತಿದೆ.

ಈಗ ಎಎಸ್‌ಎಲ್‌ಗೆ, ಅಂದರೆ ಅಪಧಮನಿಯ ರಕ್ತಕ್ಕೆ ಗುರುತು ಹಾಕಿ ಹರಿವು ಅಳೆಯುವ ವಿಧಾನಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಇಷ್ಟವಾದ ವಿಧಾನ ಇದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಕುತ್ತಿಗೆಯಲ್ಲಿ ಮೇಲಕ್ಕೆ ಹರಿಯುವ ರಕ್ತಕ್ಕೆ ರೇಡಿಯೋ ಅಲೆಯಿಂದಲೇ ಗುರುತು ಹಾಕುತ್ತಾರೆ. ನೀರಿನ ಅಣುಗಳ ಕಾಂತೀಯತೆ ತಲೆಕೆಳಗಾಗುತ್ತದೆ. ಆ ರಕ್ತ ಮಿದುಳಿಗೆ ತಲುಪುವವರೆಗೆ ಕಾದು ಒಂದು ಚಿತ್ರ, ಗುರುತು ಹಾಕದೆ ಇನ್ನೊಂದು ಚಿತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಹೊಸದಾಗಿ ಬಂದ ರಕ್ತ ಮಾತ್ರ. ನಮ್ಮದೇ ರಕ್ತ, ನಮ್ಮದೇ ನೀರು, ಹೊರಗಿನ ಮದ್ದು ಏನೂ ಇಲ್ಲ.

ಒಳಗೆ ಮಲಗಿದವರಿಗೆ ಇದು ಕಿವಿಗೇ ಗೊತ್ತಾಗುತ್ತದೆ. ಸುಮಾರು ಎರಡು ಸೆಕೆಂಡು ಒಂದೇ ಸಮನೆ ಝೇಂಕಾರ, ಅದು ಗುರುತು ಹಾಕುವ ಹೊತ್ತು. ಆಮೇಲೆ ಅಷ್ಟೇ ಹೊತ್ತು ಹೆಚ್ಚುಕಡಿಮೆ ಮೌನ, ರಕ್ತ ಮೇಲೇರುತ್ತಿದೆ. ಆಮೇಲೆ ಪಟಪಟ ಸದ್ದು, ಚಿತ್ರ ತೆಗೆಯುತ್ತಿದ್ದಾರೆ. ಮತ್ತೆ ಝೇಂಕಾರ. ಬೋಲ್ಡ್‌ನಲ್ಲಿ ಬಿಡುವೇ ಇಲ್ಲದೆ ಒಂದೇ ಬಡಿತ. ಎಎಸ್‌ಎಲ್‌ನಲ್ಲಿ ಆ ಮೌನ ಬಂದಾಗ, ಈಗ ನನ್ನ ಕುತ್ತಿಗೆಯ ಕೆರೋಟಿಡ್ ಅಪಧಮನಿಯಿಂದ ಹೊರಟ ರಕ್ತ ದಾರಿಯಲ್ಲಿದೆ ಎಂದು ತಿಳಿದೇ ಮಲಗಿರುತ್ತೇನೆ.

ಕಷ್ಟವೂ ಇಲ್ಲೇ ಇದೆ. ಎರಡು ಚಿತ್ರಗಳ ವ್ಯತ್ಯಾಸ ಬಹಳ ಸಣ್ಣದು. 2015ರಲ್ಲಿ ಈ ಕ್ಷೇತ್ರದವರು ಸೇರಿ ಒಂದು ಶಿಫಾರಸು ಪ್ರಕಟಿಸಿದರು: 1800 ಮಿಲಿಸೆಕೆಂಡು ಗುರುತು, 70ಕ್ಕಿಂತ ಕಡಿಮೆ ವಯಸ್ಸಿನ ಆರೋಗ್ಯವಂತರಲ್ಲಿ 1800 ಮಿಲಿಸೆಕೆಂಡು ಕಾಯುವಿಕೆ, ಅದಕ್ಕೂ ಹಿರಿಯರಲ್ಲಿ ಮತ್ತು ರೋಗಿಗಳಲ್ಲಿ 2000. ಹರಿವಿನ ಲೆಕ್ಕಕ್ಕೆ ಅದರಲ್ಲೇ ಕೊಟ್ಟ ಸೂತ್ರದಲ್ಲಿ 3 ಟೆಸ್ಲಾದ ಸಂಖ್ಯೆಗಳನ್ನು ಹಾಕಿ ಲೆಕ್ಕ ಮಾಡಿ ನೋಡಿ. ಬೂದು ಭಾಗದಲ್ಲಿ ಹರಿವು 60 ಇದ್ದರೆ ವ್ಯತ್ಯಾಸ ಸುಮಾರು ಶೇ. 0.7! ಒಂದೇ ಜೋಡಿ ಕಳೆದರೆ ಬರೀ ಚುಕ್ಕೆ ಚುಕ್ಕೆ ಕಾಣುತ್ತದೆ. ಹತ್ತು ಜೋಡಿ ಸರಾಸರಿ ಮಾಡಿದರೆ ಮಿದುಳಿನ ಅಂಚು ಮಸುಕಾಗಿ ಮೂಡುತ್ತದೆ. ಮೂವತ್ತರ ಹೊತ್ತಿಗೆ ಬೂದು ಭಾಗದ ಮಡಿಕೆಗಳು ಬೆಳ್ಳಗೆ ತೆರೆದುಕೊಳ್ಳುತ್ತವೆ. ಅಷ್ಟು ಹೊತ್ತು ತಲೆ ಅಲ್ಲಾಡಬಾರದು. ಹಿನ್ನೆಲೆಯ ಸಿಗ್ನಲ್ ತಗ್ಗಿಸುವ ಪಲ್ಸ್‌ಗಳನ್ನು ಹಾಕದೆ ಎಎಸ್‌ಎಲ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅವು ಇದ್ದಾಗ ಮತ್ತು ಇಲ್ಲದಾಗ ತೆಗೆದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ವ್ಯತ್ಯಾಸ ಕಾಣುತ್ತದೆ.

ಇನ್ನೊಂದು ಎಚ್ಚರಿಕೆ. ರಕ್ತನಾಳ ಕಿರಿದಾದವರಲ್ಲಿ ರಕ್ತ ತಡವಾಗಿ ತಲುಪುತ್ತದೆ. ಚಿತ್ರ ತೆಗೆಯುವ ಹೊತ್ತಿಗೆ ಅದಿನ್ನೂ ನಾಳದಲ್ಲೇ ಇದ್ದರೆ ಅಲ್ಲಿ ಬಿಳಿ ಗೆರೆ ಹೊಳೆಯುತ್ತದೆ, ಮುಂದಿನ ಅಂಗಾಂಶ ಕಪ್ಪಾಗಿ ಕಾಣುತ್ತದೆ. ಕಪ್ಪಾಗಿದೆ ಎಂದ ಮಾತ್ರಕ್ಕೆ ರಕ್ತವೇ ಇಲ್ಲ ಎಂದು ಬರೆಯಬಾರದು. ಅಂಥವರಲ್ಲಿ ಬೇರೆ ಬೇರೆ ಕಾಯುವಿಕೆಗಳಲ್ಲಿ ಚಿತ್ರ ತೆಗೆದರೆ ರಕ್ತ ಯಾವಾಗ ತಲುಪಿತು ಎಂಬುದೂ ಸಿಗುತ್ತದೆ.

ಹರಿವಿನ ವಿಷಯದಲ್ಲಿ ಎಎಸ್‌ಎಲ್‌ಗೆ ನೇರ ಪ್ರತಿಸ್ಪರ್ಧಿ ಗ್ಯಾಡೋಲಿನಿಯಂ ವಿಧಾನ, ಅಂದರೆ ಡಿಎಸ್‌ಸಿ. ತೋಳಿನ ನಾಳದಿಂದ ಸೆಕೆಂಡಿಗೆ 4-5 ಮಿ.ಲೀ. ವೇಗದಲ್ಲಿ ಕಾಂಟ್ರಾಸ್ಟ್ ಒಳಗೆ ಹೋಗುತ್ತದೆ. ಅದು ಮಿದುಳನ್ನು ಹಾಯುವಾಗ ಸಿಗ್ನಲ್ ಕುಸಿದು ಮತ್ತೆ ಮೇಲೆ ಬರುತ್ತದೆ. ಕುಸಿತ ಎಷ್ಟು ದೊಡ್ಡದು ಎಂದರೆ ಸರಾಸರಿ ಮಾಡುವ ಮಾತೇ ಇಲ್ಲ, ಒಂದೇ ಸಲಕ್ಕೆ ಸಾಕು. ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಪಾರ್ಶ್ವವಾಯು ಬಡಿದವರು ಟೇಬಲ್ ಮೇಲಿದ್ದಾಗ ಈ ವೇಗಕ್ಕೆ ಬೆಲೆ ಕಟ್ಟಲಾಗದು. ಟಿ-ಮ್ಯಾಕ್ಸ್ (ರಕ್ತ ತಲುಪಲು ಆಗುವ ತಡದ ಅಳತೆ) 6 ಸೆಕೆಂಡು ಮೀರಿದ ಜಾಗ ಅಪಾಯದಲ್ಲಿದೆ ಎಂದು ಓದುವ ರೂಢಿ ಇದರಿಂದಲೇ ಬಂದದ್ದು. ಗಡ್ಡೆಗಳಲ್ಲಿ ರಕ್ತದ ಪ್ರಮಾಣ ನೋಡಲೂ ಇದೇ ಮುಂದು, ಆದರೆ ಕಾಂಟ್ರಾಸ್ಟ್ ನಾಳದಿಂದ ಸೋರುವುದನ್ನು ಲೆಕ್ಕದಲ್ಲಿ ಸರಿಪಡಿಸಬೇಕು.

ಆದರೂ ಸಂಶೋಧನೆಗೆ ನಾನು ಇದನ್ನು ಆರಿಸುವುದಿಲ್ಲ. ಹರಿವಿನ ಸಂಖ್ಯೆ ಸಾಪೇಕ್ಷ, ಎಡಕ್ಕೂ ಬಲಕ್ಕೂ ಹೋಲಿಸಬಹುದು ಅಷ್ಟೇ. ಅಪಧಮನಿಯ ಕರ್ವ್ (ಅಲ್ಲಿ ಕಾಂಟ್ರಾಸ್ಟ್ ಏರಿಳಿಯುವುದನ್ನು ತೋರಿಸುವ ಗೆರೆ) ಯಾವ ವಾಕ್ಸೆಲ್‌ನಿಂದ ತೆಗೆದುಕೊಂಡಿರಿ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಕಿಡ್ನಿ ತೀರಾ ಹದಗೆಟ್ಟವರಿಗೆ ಕೆಲವು ಬಗೆಯ ಗ್ಯಾಡೋಲಿನಿಯಂ ಅಪಾಯಕಾರಿ. ಪದೇಪದೇ ಚುಚ್ಚಿಸಿಕೊಂಡವರ ಮಿದುಳಿನಲ್ಲಿ ಅದರ ಅಂಶ ಸ್ವಲ್ಪ ಉಳಿಯುತ್ತದೆ ಎಂಬುದೂ ಗೊತ್ತಾಗಿದೆ. ಆರೋಗ್ಯವಾಗಿರುವವರಿಗೆ, ಅದರಲ್ಲೂ ಮತ್ತೆ ಮತ್ತೆ ಸ್ಕ್ಯಾನ್ ಮಾಡಬೇಕಾದವರಿಗೆ, ಬೇರೆ ದಾರಿ ಇರುವಾಗ ಚುಚ್ಚುವುದು ಯಾಕೆ ಅಲ್ವಾ?

ಇಲ್ಲಿಯವರೆಗೆ ಹರಿವು. ಖರ್ಚಿಗೆ ಬಂದರೆ ನನಗೆ ಮೆಚ್ಚುಗೆಯಾದದ್ದು ಎರಡು ಸಣ್ಣ ಸ್ಕ್ಯಾನ್‌ಗಳ ಜೋಡಿ: ಟ್ರಸ್ಟ್ ಮತ್ತು ಫೇಸ್ ಕಾಂಟ್ರಾಸ್ಟ್. ಎರಡೂ ಒಂದೆರಡು ನಿಮಿಷದ ಕೆಲಸ. ಫೇಸ್ ಕಾಂಟ್ರಾಸ್ಟ್ ಕುತ್ತಿಗೆಯ ನಾಲ್ಕು ನಾಳಗಳಲ್ಲಿ ರಕ್ತದ ವೇಗ ಅಳೆಯುತ್ತದೆ. ಸ್ಲೈಸ್ ನಾಳಕ್ಕೆ ಅಡ್ಡವಾಗಿ, ನೇರ ಕೋನದಲ್ಲಿ ಕೂರಬೇಕು. ಕೂತರೆ ಇಡೀ ಮಿದುಳಿಗೆ ಹೋಗುವ ರಕ್ತದ ಲೆಕ್ಕ ಸಿಕ್ಕಿತು. 2008ರಲ್ಲಿ ಬಂದ ಟ್ರಸ್ಟ್, ಮಿದುಳಿನಿಂದ ಹೊರಹೋಗುವ ದೊಡ್ಡ ಅಭಿಧಮನಿಯ ರಕ್ತದಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಹೇಳುತ್ತದೆ. ಇಲ್ಲಿಯೂ ಗುರುತು ಹಾಕಿ ಕಳೆಯುವುದೇ ಉಪಾಯ. ಕಳೆದ ಮೇಲೆ ಇಡೀ ತಲೆ ಮಾಯವಾಗಿ, ಹಿಂಬದಿಯಲ್ಲಿ ಒಂದು ಬಿಳಿ ಚುಕ್ಕೆ ಮಾತ್ರ ಉಳಿಯುತ್ತದೆ. ಅದರ ಹೊಳಪನ್ನು ನಾಲ್ಕು ಎಕೋ ಸಮಯಗಳಲ್ಲಿ (ಸಿಗ್ನಲ್ ಹಿಡಿಯುವ ಮೊದಲು ಕಾಯುವ ಹೊತ್ತು) ನೋಡುತ್ತೇವೆ. ಬೇಗ ಮಂಕಾದರೆ ಆಮ್ಲಜನಕ ಕಡಿಮೆ ಉಳಿದಿದೆ, ನಿಧಾನವಾದರೆ ಜಾಸ್ತಿ ಉಳಿದಿದೆ. 1940ರ ದಶಕದಲ್ಲಿ ಕೆಟಿ ಮತ್ತು ಶ್ಮಿಟ್ ಇದೇ ಬಗೆಯ ಲೆಕ್ಕಕ್ಕೆ ಕುತ್ತಿಗೆಯ ಜುಗುಲರ್ ಅಭಿಧಮನಿಯಿಂದ ಸೂಜಿಯಲ್ಲಿ ರಕ್ತ ತೆಗೆಯಬೇಕಿತ್ತು.

ಲೆಕ್ಕ ಸರಳ. ಒಳಗೆ ಬಂದ ಆಮ್ಲಜನಕದಿಂದ ಹೊರಗೆ ಹೋದದ್ದನ್ನು ಕಳೆದು ಹರಿವಿನಿಂದ ಗುಣಿಸಿ. ಹರಿವು 50, ಒಳಬರುವ ರಕ್ತ ಆಮ್ಲಜನಕದಿಂದ ಶೇ. 98 ತುಂಬಿದೆ, ಹೊರಹೋಗುವುದು ಶೇ. 64 ಎಂದುಕೊಳ್ಳಿ. ಪೂರ್ತಿ ತುಂಬಿದ 100 ಮಿ.ಲೀ. ರಕ್ತ ಸುಮಾರು 20 ಮಿ.ಲೀ. ಆಮ್ಲಜನಕ ಹೊರುತ್ತದೆ. ಹಾಗಾದರೆ 100 ಗ್ರಾಂ ಮಿದುಳು ನಿಮಿಷಕ್ಕೆ 3.4 ಮಿ.ಲೀ. ಆಮ್ಲಜನಕ ಬಳಸಿತು.

ವಿಧಾನಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಕೆಫೀನ್‌ಗಿಂತ ಒಳ್ಳೆ ಪರೀಕ್ಷೆ ನನಗೆ ಸಿಕ್ಕಿಲ್ಲ. ಅದು ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಕಾಫಿ ಕುಡಿಯುವ ಮೊದಲು ಒಂದು ಸುತ್ತು, ಕುಡಿದು ಮುಕ್ಕಾಲು ಗಂಟೆಯ ಮೇಲೆ ಇನ್ನೊಂದು ಸುತ್ತು ಮಲಗಿದೆ. ಎಎಸ್‌ಎಲ್ ಚಿತ್ರ ಇಡೀ ಮಿದುಳಿನಲ್ಲಿ ಮಂಕಾಯಿತು. ಫೇಸ್ ಕಾಂಟ್ರಾಸ್ಟ್ ಕೂಡ ಅದನ್ನೇ ಹೇಳಿತು. ಟ್ರಸ್ಟ್‌ನ ಚುಕ್ಕೆ ಮೊದಲಿಗಿಂತ ಬೇಗ ಮಂಕಾಯಿತು, ಅಂದರೆ ಬಂದ ಕಡಿಮೆ ರಕ್ತದಿಂದಲೇ ಮಿದುಳು ಜಾಸ್ತಿ ಆಮ್ಲಜನಕ ಹೀರಿಕೊಂಡಿತ್ತು. ಎರಡನ್ನೂ ಗುಣಿಸಿದರೆ ಖರ್ಚು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಎಎಸ್‌ಎಲ್ ಒಂದನ್ನೇ ನೋಡಿದವರು ಮಿದುಳಿನ ಕೆಲಸ ತಗ್ಗಿತು ಎಂದು ಬರೆದುಬಿಡುತ್ತಿದ್ದರು. ಬೋಲ್ಡ್‌ನಲ್ಲಿ ವಿಶ್ರಾಂತಿಯ ಮಟ್ಟಕ್ಕೆ ಅರ್ಥವೇ ಇಲ್ಲದ ಕಾರಣ ಈ ಪ್ರಶ್ನೆಯನ್ನು ಕೇಳಲೂ ಆಗಲಿಲ್ಲ.

ಈ ಜೋಡಿಯ ಕೊರತೆಯೂ ದೊಡ್ಡದೇ. ಇಡೀ ಮಿದುಳಿಗೆ ಒಂದೇ ಸಂಖ್ಯೆ ಸಿಗುತ್ತದೆ, ಯಾವ ಭಾಗ ಎಷ್ಟು ಬಳಸಿತು ಎಂಬುದು ಗೊತ್ತಾಗುವುದಿಲ್ಲ. ಭಾಗವಾರು ಲೆಕ್ಕ ಬೇಕೆಂದರೆ ಕ್ಯಾಲಿಬ್ರೇಟೆಡ್ ಬೋಲ್ಡ್ ಇದೆ. 1998ರಲ್ಲಿ ಡೇವಿಸ್ ಮತ್ತು ಜೊತೆಗಾರರು ತೋರಿಸಿದ ದಾರಿ ಅದು. ಮಾಸ್ಕ್ ಹಾಕಿ ಶೇ. 5 ಇಂಗಾಲದ ಡೈಆಕ್ಸೈಡ್ ಉಸಿರಾಡಬೇಕು. ಹರಿವು ಏರುತ್ತದೆ, ಖರ್ಚು ಬದಲಾಗಿಲ್ಲ ಎಂದಿಟ್ಟುಕೊಂಡು ಬೋಲ್ಡ್‌ಗೆ ಅಳತೆಗೋಲು ಹಾಕುತ್ತಾರೆ. ಆ ಮಾಸ್ಕ್ ಒಳಗೆ ಉಸಿರು ತಾನಾಗಿಯೇ ಆಳವಾಗುತ್ತದೆ, ಎಷ್ಟು ಎಳೆದರೂ ಸಾಲದು ಅನ್ನಿಸುತ್ತದೆ, ತಲೆ ನಿಲ್ಲಿಸುವುದೇ ಕಷ್ಟ. ರೋಗಿಗಳಿಗೆ ಇದನ್ನು ಹಾಕಲು ನನಗೆ ಮನಸ್ಸಿಲ್ಲ.

ಸ್ಪೆಕ್ಟ್ರೋಸ್ಕೋಪಿ ಇನ್ನೊಂದೇ ಬಗೆ. ಅಲ್ಲಿ ಚಿತ್ರದ ಬದಲು ಗ್ರಾಫ್. 2 ಸೆಂ.ಮೀ. ಘನದೊಳಗಿನ ರಾಸಾಯನಿಕಗಳು ಒಂದೊಂದು ಶಿಖರವಾಗಿ ನಿಲ್ಲುತ್ತವೆ: 2.0 ಪಿಪಿಎಂನಲ್ಲಿ (ಗ್ರಾಫಿನ ಅಡ್ಡ ಅಳತೆ) ನರಕೋಶಗಳಲ್ಲಿರುವ ಎನ್‌ಎಎ, 3.0ರಲ್ಲಿ ಕ್ರಿಯಾಟಿನ್, 3.2ರಲ್ಲಿ ಕೋಲಿನ್. ಆಮ್ಲಜನಕ ಸಾಲದಾದಾಗ ಹೆಚ್ಚುವ ಲ್ಯಾಕ್ಟೇಟ್ 1.3ರಲ್ಲಿ, ಕೊಬ್ಬಿನ ಶಿಖರದ ಮೇಲೇ ಬಂದು ಕೂರುತ್ತದೆ. ಎಕೋ ಸಮಯ 144 ಮಿಲಿಸೆಕೆಂಡು ಇಟ್ಟರೆ ಲ್ಯಾಕ್ಟೇಟ್‌ನ ಜೋಡಿ ಶಿಖರ ತಲೆಕೆಳಗಾಗಿ ಕೆಳಗೆ ಇಳಿಯುತ್ತದೆ, ಕೊಬ್ಬು ಮೇಲೇ ಇರುತ್ತದೆ. ಈ ಉಪಾಯ ನೋಡಿದಾಗಲೆಲ್ಲ ಖುಷಿಯಾಗುತ್ತದೆ. ಆದರೆ ಅಂಗಡಿಯ ದಾಸ್ತಾನು ನೋಡಿ ದಿನದ ವ್ಯಾಪಾರ ಹೇಳಲಾಗದ ಹಾಗೆ, ಎಷ್ಟಿದೆ ಎಂಬುದರಿಂದ ಎಷ್ಟು ಬೇಗ ಬಳಕೆಯಾಗುತ್ತಿದೆ ಎಂದು ಹೇಳಲಾಗದು. ಆ ವೇಗದ ಕಡೆ ಹೋಗುವ ಹೊಸ ದಾರಿ ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಸೇರಿಸಿದ ಗ್ಲೂಕೋಸ್ ಕುಡಿಸಿ ಅದು ಏನಾಗುತ್ತದೆ ಎಂದು ನೋಡುವುದು. ಯೇಲ್ ತಂಡ 2018ರಲ್ಲಿ ಅದನ್ನು ಮನುಷ್ಯರಲ್ಲಿ ತೋರಿಸಿತು. ಅದಕ್ಕೆ ಬೇರೆ ಕಾಯಿಲ್ (ಸಿಗ್ನಲ್ ಹಿಡಿಯುವ ಆಂಟೆನಾ) ಬೇಕು.

ಪೆಟ್ ಇದಕ್ಕೆಲ್ಲ ಮೂಲ ಮಾನದಂಡವಾಗಿಯೇ ಉಳಿದಿದೆ. ಆದರೆ ಅದಕ್ಕೆ ಬಳಸುವ ವಿಕಿರಣಶೀಲ ಆಮ್ಲಜನಕ-15ರ ಅರ್ಧಾಯುಷ್ಯ ಸುಮಾರು 2 ನಿಮಿಷ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಪಕ್ಕದಲ್ಲೇ ಇರಬೇಕು, ವಿಕಿರಣವೂ ಇದೆ.

ಹಾಗಾಗಿ ಯಾರಾದರೂ ಅರ್ಧ ಗಂಟೆ ಸ್ಕ್ಯಾನರ್ ಸಮಯ ಕೊಟ್ಟರೆ ನಾನು ಇಡುವ ಸಾಲು ಇದು. ಮೊದಲು ರಚನೆಯ ಚಿತ್ರ. ಆಮೇಲೆ ಫೇಸ್ ಕಾಂಟ್ರಾಸ್ಟ್, ಟ್ರಸ್ಟ್, ಎಎಸ್‌ಎಲ್, ಮೂರೂ ಬೆನ್ನುಬೆನ್ನಿಗೆ, ಯಾಕೆಂದರೆ ಉಸಿರಾಟ ಸ್ವಲ್ಪ ಬದಲಾದರೂ ಹರಿವು ಬದಲಾಗುತ್ತದೆ. ಯಾವುದಾದರೂ ಕೆಲಸ ಮಾಡಿಸುವ ಬೋಲ್ಡ್ ಕೊನೆಗೆ. ಒಳಗೆ ಕಳಿಸುವ ಮೊದಲು ಹಿಮೋಗ್ಲೋಬಿನ್ ನೋಡಿ ಬರೆದಿಡಿ, ಆಮ್ಲಜನಕದ ಲೆಕ್ಕ ನಿಂತಿರುವುದೇ ಅದರ ಮೇಲೆ. ಕೊನೆಯ ಕಾಫಿ ಅಥವಾ ಟೀ ಎಷ್ಟು ಗಂಟೆಗೆ ಕುಡಿದದ್ದು ಎಂದೂ ಕೇಳಿ ಬರೆದಿಡಿ.