ಕಾಲೇಜು ತೆರೆಯಲು ಕೊಂಡ ಸಾಮಾನು: ಬಳ್ಳಾರಿ ಬಿಸಿಲಿಗೆ ಯಾವುದು ತಡೆಯಿತು, ಯಾವುದು ದಂಡ

ಬಳ್ಳಾರಿ, ರಾಯಚೂರು, ಕೊಪ್ಪಳದ ಹಲವು ಕಾಲೇಜುಗಳ ಸ್ಟೋರ್ ರೂಮಿನಲ್ಲಿ ಕೋವಿಡ್ ಕಾಲದ ಸಾಮಾನು ಇನ್ನೂ ಬಿದ್ದಿದೆ. ಥರ್ಮಲ್ ಗನ್, ಕಾಲಲ್ಲಿ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್, ಅರ್ಧ ಉಳಿದ ಹೈಪೋಕ್ಲೋರೈಟ್ (ಕ್ರಿಮಿನಾಶಕ ಬ್ಲೀಚ್ ದ್ರಾವಣ) ಕ್ಯಾನು, ಬೆನ್ನಿಗೆ ಹಾಕಿಕೊಂಡು ಸಿಂಪಡಿಸುವ ಪಂಪು. ಪದವಿ, ಎಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳು 2020ರ ನವೆಂಬರ್ 17ರಂದು ಮತ್ತೆ ಬಾಗಿಲು ತೆರೆದವು. ಎರಡನೇ ಅಲೆ ಇಳಿದ ಮೇಲೆ, ಕನಿಷ್ಠ ಒಂದು ಡೋಸ್ ಲಸಿಕೆ ಆದವರಿಗೆಂದು 2021ರ ಜುಲೈ 26ರಂದು ಇನ್ನೊಮ್ಮೆ ತೆರೆದವು. ಎರಡು ಸಲವೂ ಖರೀದಿ ಆಗಿದ್ದು ಅವಸರದಲ್ಲಿ. ಮಕ್ಕಳನ್ನು ವಾಪಸ್ ಕರೆಸಬೇಕೋ ಬೇಡವೋ ಎಂಬ ಪ್ರಶ್ನೆ ಮುಂದೊಮ್ಮೆ ಎದುರಾದರೆ ಇದರಲ್ಲಿ ಯಾವುದನ್ನು ಧೂಳು ಕೊಡವಿ ಹೊರಗೆ ತರಬೇಕು, ಯಾವುದಕ್ಕೆ ಮತ್ತೆ ರೊಕ್ಕ ಹಾಕಬಾರದು ಎಂಬುದು ಈ ವಿಮರ್ಶೆಯ ವಿಷಯ. ಅಳತೆಗೋಲು ನಮ್ಮ ಕಡೆಯದೇ: ನಲವತ್ತು ದಾಟುವ ಬಿಸಿಲು, ಕೆಂಪು ಧೂಳು, ಕೈಕೊಡುವ ಕರೆಂಟು, ಹಳ್ಳಿಯಿಂದ ತುಂಬಿ ಬರುವ ಬಸ್ಸು, ನಾಲ್ಕು ಮಂಚದ ಹಾಸ್ಟೆಲ್ ರೂಮು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರೊಕ್ಕ ಗೇಟಿನ ಹತ್ತಿರ ಖರ್ಚಾಯಿತು, ಕ್ಲಾಸ್‌ರೂಮಿನ ಗಾಳಿಗೆ ಏನೂ ಉಳಿಯಲಿಲ್ಲ. ಆಗಬೇಕಾಗಿದ್ದು ಇದರ ಉಲ್ಟಾ.

ಥರ್ಮಲ್ ಗನ್ ಗೇಟಿನಲ್ಲಿ ಎಲ್ಲರಿಗೂ ಕಾಣುವ ಸಾಮಾನು, ಹಾಗಾಗಿ ಎಲ್ಲರೂ ಕೊಂಡರು. ಅದರ ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಬಳಕೆಯ ತಾಪಮಾನ ಎಂದು ಒಂದು ಸಾಲು ಇರುತ್ತದೆ. ಬಹಳಷ್ಟು ಮಾಡೆಲ್‌ಗಳಲ್ಲಿ ಅದು 35ಕ್ಕೋ 40 ಡಿಗ್ರಿಗೋ ಮುಗಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಗೇಟಿನ ಹತ್ತಿರ ನೆರಳಿನಲ್ಲೇ ಅಷ್ಟು ಇರುತ್ತದೆ. ಬಿಸಿಲಲ್ಲಿ ನಡೆದು ಬಂದ ಹುಡುಗನ ಹಣೆಗೆ ಹಿಡಿದರೆ ಜ್ವರ ಎನ್ನುತ್ತದೆ. ಅದೇ ಹಣೆಯ ಮೇಲೆ ಬೆವರು ಆರುತ್ತಿದ್ದರೆ ನಿಜವಾದ ಜ್ವರವನ್ನೂ ನುಂಗಿಬಿಡುತ್ತದೆ. ಇನ್ನೊಂದು ಸಾಮಾನ್ಯ ತಪ್ಪು ಮೋಡ್‌ನದು. ‘ಸರ್ಫೇಸ್’ ಮೋಡ್‌ನಲ್ಲಿಟ್ಟರೆ ಚರ್ಮದ ಮೇಲ್ಮೈ ಬಿಸಿಯಷ್ಟೇ, ಅಂದರೆ 33, 34 ತೋರಿಸುತ್ತದೆ. ಎಲ್ಲರದೂ ನಾರ್ಮಲ್ ಎಂದು ರಿಜಿಸ್ಟರ್ ತುಂಬುತ್ತದೆ. ಬಳಸಲೇಬೇಕಾದರೆ ‘ಬಾಡಿ’ ಮೋಡ್‌ಗೆ ಹಾಕಿ, ಬಂದವರನ್ನು ಹತ್ತು ನಿಮಿಷ ನೆರಳಲ್ಲಿ ಕೂರಿಸಿ, ಹಣೆ ಒರೆಸಿ, ಮೂರರಿಂದ ಐದು ಸೆಂಟಿಮೀಟರ್ ದೂರದಿಂದ ಹಿಡಿಯಬೇಕು. ಐನೂರು ಮಕ್ಕಳ ಕಾಲೇಜಿನಲ್ಲಿ ಬೆಳಿಗ್ಗೆ ಇದು ಆಗುವ ಮಾತಲ್ಲ. ಎಲ್ಲ ಸರಿಯಾಗಿ ಮಾಡಿದರೂ ಜ್ವರವಿಲ್ಲದ ಸೋಂಕು ಗನ್ನಿಗೆ ಸಿಗುವುದಿಲ್ಲ. ಒಂದು ಹಾಸ್ಟೆಲಿಗೆ, ಒಂದು ಆಫೀಸಿಗೆ ಸಾಕು. ಗೇಟಿಗೆ ಬೇಡ.

ಇಡೀ ಪಟ್ಟಿಯಲ್ಲಿ ನಾನು ಮೊದಲು ಕೊಳ್ಳಿ ಎನ್ನುವುದು ಬಹುತೇಕ ಯಾವ ಕೊಟೇಶನ್‌ನಲ್ಲೂ ಕಾಣದ ಸಾಮಾನು: ಕಾರ್ಬನ್ ಡೈಆಕ್ಸೈಡ್ ಮೀಟರ್. ಈ ರೋಗ ಗಾಳಿಯಲ್ಲಿ ಹರಡುತ್ತದೆ. ಒಬ್ಬರು ಬಿಟ್ಟ ಉಸಿರು ರೂಮಿನಲ್ಲಿ ಎಷ್ಟು ಉಳಿದಿದೆ ಎಂದು ನೇರವಾಗಿ ಹೇಳುವ ಅಗ್ಗದ ಸಾಧನ ಇದೊಂದೇ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 420 ಭಾಗ ಇರುತ್ತದೆ. ಪಾಠ ನಡೆಯುವಾಗ 800ರ ಒಳಗಿದ್ದರೆ ಚೆನ್ನ. 1000 ದಾಟಿದರೆ ಕಿಟಕಿ, ಫ್ಯಾನು, ತಲೆ ಎಣಿಕೆ ಈ ಮೂರರಲ್ಲಿ ಒಂದನ್ನು ಬದಲಿಸಬೇಕು. 1500 ದಾಟುವ ರೂಮಿನಲ್ಲಿ ಪಾಠ ಮಾಡಲೇಬಾರದು.

ಕೊಳ್ಳುವಾಗ ಮೋಸ ಹೋಗುವುದು ಇಲ್ಲೇ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವ ಹಲವು ಮೀಟರ್‌ಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಸೆನ್ಸರೇ ಇರುವುದಿಲ್ಲ. ವಾಸನೆ ಹಿಡಿಯುವ ಸೆನ್ಸರ್ ಇಟ್ಟು ಅಂದಾಜಿನ ಅಂಕಿ ತೋರಿಸುತ್ತವೆ. ಡಬ್ಬದ ಮೇಲೆ ‘ಎನ್‌ಡಿಐಆರ್’ (ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ ಸೆನ್ಸರ್) ಎಂದು ಇರಲೇಬೇಕು. ಬಂದ ಕೂಡಲೇ ಪರೀಕ್ಷೆ ಮಾಡಿ: ಕೈಗೆ ಸ್ಯಾನಿಟೈಸರ್ ಹಚ್ಚಿ ಮೀಟರ್ ಹತ್ತಿರ ಹಿಡಿಯಿರಿ. ಅಂಕಿ ದಿಢೀರನೆ ಸಾವಿರಗಟ್ಟಲೆ ಏರಿದರೆ ಅದು ಆಲ್ಕೋಹಾಲ್ ವಾಸನೆಗೆ ಕುಣಿಯುತ್ತಿದೆ, ವಾಪಸ್ ಕಳಿಸಿ. ಒಳ್ಳೆಯದಾದರೆ ಸ್ಯಾನಿಟೈಸರ್‌ಗೆ ಅಲ್ಲಾಡದು, ಊದಿದರೆ ಮಾತ್ರ ಏರುತ್ತದೆ. ತಿಂಗಳಿಗೊಮ್ಮೆ ಹೊರಗೆ ಮರದ ನೆರಳಲ್ಲಿ ಇಪ್ಪತ್ತು ನಿಮಿಷ ಇಟ್ಟು ಕ್ಯಾಲಿಬ್ರೇಟ್ ಮಾಡಬೇಕು. ಈ ಮೀಟರ್‌ಗಳಲ್ಲಿ ಹೆಚ್ಚಿನವು ತಾವು ಕಂಡ ಅತಿ ಕಡಿಮೆ ಅಂಕಿಯನ್ನೇ ಹೊರಗಿನ ಗಾಳಿ ಎಂದುಕೊಳ್ಳುತ್ತವೆ. ಸದಾ ಮುಚ್ಚಿದ ರೂಮಿನಲ್ಲೇ ಚಾಲೂ ಇಟ್ಟರೆ ಕೆಲವೇ ವಾರಗಳಲ್ಲಿ ಸುಳ್ಳು ಹೇಳತೊಡಗುತ್ತವೆ, ಅದೂ ಕಡಿಮೆ ಕಡೆಗೆ. ಇಡುವ ಜಾಗ ಕಿಟಕಿಯ ಬಾಯಿ ಆಗಬಾರದು, ಯಾರ ಮುಖದ ಮುಂದೆಯೂ ಆಗಬಾರದು. ಎದೆಯ ಎತ್ತರ, ಹತ್ತಿರದ ವಿದ್ಯಾರ್ಥಿಯಿಂದ ಒಂದು ಮೀಟರ್ ದೂರ. ಕಾಲೇಜಿಗೆಲ್ಲ ಇಂಥ ಎರಡು ಸಾಧನ ಸಾಕು, ರೂಮಿಂದ ರೂಮಿಗೆ ತಿರುಗಿಸಿ. ಬ್ಯಾಟರಿ ಇರುವುದನ್ನೇ ತರಬೇಕು, ಯಾಕೆಂದರೆ ಕರೆಂಟ್ ಹೋಗಿ ಫ್ಯಾನು ನಿಂತಾಗಲೇ ಅದರ ಕೆಲಸ ಜಾಸ್ತಿ.

ಮೀಟರ್‌ನಿಂದ ಇನ್ನೊಂದು ಉಪಯೋಗ ಇದೆ, ಮಕ್ಕಳನ್ನು ಕರೆಸುವ ಮೊದಲು ಸಿಬ್ಬಂದಿಯೇ ಮಾಡಬಹುದು. ಕಿಟಕಿ ಮುಚ್ಚಿ ಹತ್ತು ಹನ್ನೆರಡು ಜನ ಕೂತು ರೂಮನ್ನು 1400ರವರೆಗೆ ಏರಿಸಿ. ಆಮೇಲೆ ಎಲ್ಲರೂ ಹೊರಗೆ ಬನ್ನಿ. ಪಾಠದ ವೇಳೆ ಹೇಗೆ ಇರುತ್ತವೆಯೋ ಹಾಗೆ ಕಿಟಕಿ, ಬಾಗಿಲು, ಫ್ಯಾನು ಇಟ್ಟು, 780ಕ್ಕೆ ಇಳಿಯಲು ಎಷ್ಟು ನಿಮಿಷ ಬೇಕಾಯಿತು ನೋಡಿ. 60ನ್ನು ಆ ನಿಮಿಷಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಸಲ ರೂಮಿನ ಗಾಳಿ ಬದಲಾಗುತ್ತದೆ ಎಂಬ ಲೆಕ್ಕ ಸಿಗುತ್ತದೆ. ಹತ್ತು ನಿಮಿಷವಾದರೆ ಆರು ಸಲ, ಮೂವತ್ತು ನಿಮಿಷವಾದರೆ ಎರಡೇ ಸಲ. ಎರಡು ಸಲದ ರೂಮಿಗೆ ಬೀಗ ಹಾಕಿ ವರಾಂಡದಲ್ಲಿ ಪಾಠ ಮಾಡುವುದೇ ಮೇಲು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಳತೆ ತಲೆಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ. ಐವತ್ತು ಜನರ ಕ್ಲಾಸಿಗೆ ಇದು ಗಂಟೆಗೆ 1800 ಘನ ಮೀಟರ್ ಆಗುತ್ತದೆ. ಇಪ್ಪತ್ತೈದು ಜನರನ್ನೇ ಕೂರಿಸಿದರೆ 900 ಸಾಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2020ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ಒಂದು ಹೊತ್ತಿಗೆ ಅರ್ಧದಷ್ಟು ವಿದ್ಯಾರ್ಥಿಗಳನ್ನು ದಾಟಬಾರದು ಎಂದಾಗ ಹಲವರಿಗೆ ಬೆಂಚಿನ ಅಂತರವಷ್ಟೇ ಕಂಡಿತು. ಅದರ ನಿಜವಾದ ಲಾಭ ಇದು: ಅದೇ ಕಿಟಕಿ, ಅದೇ ಫ್ಯಾನು, ತಲೆಗೆ ಸಿಗುವ ಗಾಳಿ ಎರಡು ಪಟ್ಟು.

ನಮ್ಮ ಕಡೆ ಮಾರ್ಚ್ ಬಂತೆಂದರೆ ಹನ್ನೊಂದು ಗಂಟೆಗೆ ಕಿಟಕಿ ಮುಚ್ಚುತ್ತಾರೆ. ಸ್ಪಾಂಜ್ ಐರನ್ ಕಾರ್ಖಾನೆಗಳ ದಿಕ್ಕಿಗಿರುವ ರೂಮುಗಳಲ್ಲಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯ ಕಡೆ, ಬಿಸಿಲಿಲ್ಲದಾಗಲೂ ಮುಚ್ಚೇ ಇರುತ್ತವೆ. ‘ಕಿಟಕಿ ತೆರೆದಿಡಿ’ ಎಂಬ ಸುತ್ತೋಲೆ ಇಲ್ಲಿ ಮೂರು ದಿನ ನಡೆದೀತು. ಇದಕ್ಕೆ ನಮ್ಮಲ್ಲೇ ಇರುವ ಉತ್ತರ ಡೆಸರ್ಟ್ ಕೂಲರ್. ರೂಮಿನ ಮೂಲೆಯಲ್ಲಿಟ್ಟರೆ ಅದು ಒಳಗಿನ ಗಾಳಿಯನ್ನೇ ಒದ್ದೆ ಮಾಡಿ ತಿರುಗಿಸುತ್ತದೆ, ಏನೂ ಉಪಯೋಗವಿಲ್ಲ. ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಬಾಯಿ ಮಾತ್ರ ಒಳಗಿಟ್ಟು, ಎದುರು ಗೋಡೆಯ ಕಿಟಕಿಯನ್ನು ಕೂಲರ್ ಬಾಯಿಯ ಎರಡರಷ್ಟು ತೆರೆದಿಟ್ಟರೆ ಪೂರ್ತಿ ಹೊರಗಿನ ಗಾಳಿ, ಅದೂ ತಂಪಾಗಿ, ಪ್ಯಾಡಿನಲ್ಲಿ ಒಂದಿಷ್ಟು ಧೂಳು ಉಳಿಸಿಕೊಂಡು ಒಳಗೆ ಬರುತ್ತದೆ. ಎದುರು ಕಿಟಕಿ ತೆರೆಯದಿದ್ದರೆ ರೂಮು ಜಿಗುಟಾಗುತ್ತದೆ, ತಂಪೂ ಆಗುವುದಿಲ್ಲ. ಹಾಗಾಗಿ ಮಕ್ಕಳೇ ತೆರೆಯುತ್ತಾರೆ, ಯಾರೂ ಹೇಳಬೇಕಿಲ್ಲ. ಮಳೆಗಾಲದಲ್ಲಿ ಪಂಪ್ ಆಫ್ ಮಾಡಿ ಬರೀ ಫ್ಯಾನ್ ಓಡಿಸಿ. ತೊಂದರೆ ಎರಡು. ಬೋರ್ ನೀರಿನ ಉಪ್ಪು ಪ್ಯಾಡಿಗೆ ಕಟ್ಟಿಕೊಂಡರೆ ಗಾಳಿ ಅರ್ಧವಾಗುತ್ತದೆ, ಬಿಳಿ ಪದರ ಕಂಡ ತಕ್ಷಣ ಪ್ಯಾಡ್ ಬದಲಿಸಬೇಕು. ಟ್ಯಾಂಕಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಒಣಗಿಸದಿದ್ದರೆ ಡೆಂಗಿ ಸೊಳ್ಳೆಗೆ ಮನೆಯಾಗುತ್ತದೆ.

ಕೂಲರ್ ಆಗದ ಕಡೆ ಎಕ್ಸಾಸ್ಟ್ ಫ್ಯಾನ್. ಡಬ್ಬದ ಮೇಲೆ ಬರೆದ ಗಾಳಿಯ ಪ್ರಮಾಣದ ಮೂರನೇ ಎರಡರಷ್ಟನ್ನೇ ನಂಬಿ ಲೆಕ್ಕ ಹಾಕಿ. ಫ್ಯಾನ್ ಕೂರಿಸಿದ ಗೋಡೆಯ ಎದುರಿನಿಂದ ಗಾಳಿ ಒಳಬರಬೇಕು. ಪಕ್ಕದ ಕಿಟಕಿಯನ್ನೇ ತೆರೆದಿಟ್ಟರೆ ಗಾಳಿ ಅಲ್ಲಿಂದಲ್ಲಿಗೇ ಸುತ್ತಿ ಹೋಗಿ ಹಿಂದಿನ ಬೆಂಚಿನವರಿಗೆ ಏನೂ ತಲುಪುವುದಿಲ್ಲ. ಸೀಲಿಂಗ್ ಫ್ಯಾನ್ ಗಾಳಿ ಕಲಕುತ್ತದೆ ಅಷ್ಟೇ, ಬದಲಿಸುವುದಿಲ್ಲ. ಎಲ್ಲಕ್ಕಿಂತ ಅಪಾಯದ ಜಾಗ ಸ್ಪ್ಲಿಟ್ ಎಸಿ ಇರುವ ಕಂಪ್ಯೂಟರ್ ಲ್ಯಾಬ್. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದಿಲ್ಲ, ಧೂಳಿಗೆ ಹೆದರಿ ಬಾಗಿಲೂ ಮುಚ್ಚಿರುತ್ತೇವೆ. ಅಲ್ಲಿ ಎಸಿ ಜೊತೆಗೇ ಎಕ್ಸಾಸ್ಟ್ ಓಡಬೇಕು, ಕರೆಂಟ್ ಬಿಲ್ ಏರಿದರೂ ಸರಿ.

ಸ್ಯಾನಿಟೈಸರ್ ಸ್ಟ್ಯಾಂಡ್‌ಗಳಲ್ಲಿ ಕಾಲಲ್ಲಿ ಒತ್ತುವುದೇ ಬಾಳಿಕೆ. ಸೆನ್ಸರ್ ಇರುವುದಕ್ಕೆ ಜೆಲ್ ಹಾಕಿದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಲೇಬಲ್‌ನಲ್ಲಿ ಎಥನಾಲ್ ಕನಿಷ್ಠ 70% ಇರಲಿ, ಮುಚ್ಚಳ ಬಿಗಿ ಇರಲಿ, ಕ್ಯಾನು ಬಿಸಿಲಿಗೆ ಬೇಡ. ಆಲ್ಕೋಹಾಲ್ ಆವಿಯಾಗಿ ಕೊನೆಗೆ ನೀರೇ ಉಳಿಯುತ್ತದೆ, ಬೆಂಕಿಯ ಭಯ ಬೇರೆ. ಸಿಂಪಡಿಸುವ ಪಂಪು ಪೂರ್ತಿ ದಂಡ. ಮನುಷ್ಯರ ಮೇಲೆ ಹೈಪೋಕ್ಲೋರೈಟ್ ಸಿಂಪಡಿಸಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ಮುಟ್ಟಿದ ವಸ್ತುವಿನಿಂದ ಸೋಂಕು ಹತ್ತುವ ಸಂಭವ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಹೇಳಿತು. ಕ್ಲಾಸಿಗೆಲ್ಲ ಹೊಗೆ ಹಾಕಿಸುವ ರೊಕ್ಕದಲ್ಲಿ ಕೂಲರ್ ಸ್ಟ್ಯಾಂಡ್ ಮಾಡಿಸಬಹುದು.

ಇನ್ನು ಸೇವೆಗಳು. 2020ರ ನವೆಂಬರ್‌ನಲ್ಲಿ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಕೇಳಿದ್ದು ಕಾಗದದ ಮೇಲೆ ಸರಿ. ಸಿರುಗುಪ್ಪದ ಕಡೆಯ ಹಳ್ಳಿಯ ಹುಡುಗಿ ತಾಲೂಕು ಆಸ್ಪತ್ರೆಗೆ ಬಂದು ಸ್ವಾಬ್ ಕೊಟ್ಟು, ವರದಿ ಬರುವವರೆಗೆ ಮನೆಯಲ್ಲಿ ಕಾದು, ಮತ್ತೆ ಬಸ್ ಹಿಡಿಯುವಷ್ಟರಲ್ಲಿ ಗಡುವೇ ಮುಗಿಯಬಹುದು. ಆರೋಗ್ಯ ಇಲಾಖೆಯ ತಂಡವನ್ನು ಕಾಲೇಜಿಗೇ ಕರೆಸುವುದು ಇದಕ್ಕಿಂತ ಎಷ್ಟೋ ಮೇಲು, ಆದರೆ ತಯಾರಿ ಕಾಲೇಜಿನದು. ಗಾಳಿಯಾಡುವ ವರಾಂಡದಲ್ಲಿ ಟೇಬಲ್ ಹಾಕಿ. ಡೇಟಾ ಎಂಟ್ರಿಗೆ ಒಬ್ಬರನ್ನು ಬೇರೆಯೇ ಕೂರಿಸಿ. ಎಸ್‌ಆರ್‌ಎಫ್ ಐಡಿ (ಪ್ರತಿ ಮಾದರಿಗೆ ಕೊಡುವ ಗುರುತಿನ ಸಂಖ್ಯೆ) ಮಾಡುವಾಗ ಮೊಬೈಲ್ ನಂಬರ್‌ನ ಒಂದು ಅಂಕಿ ತಪ್ಪಿದರೂ ವರದಿ ಇನ್ನಾರಿಗೋ ಹೋಗುತ್ತದೆ, ಹಾಗಾಗಿ ಆ ನಂಬರಿಗೆ ಅಲ್ಲೇ ಕರೆ ಮಾಡಿ ನೋಡಬೇಕು. ಮಾದರಿಯ ಟ್ಯೂಬು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಂಥ (ಆಗಿನ ವಿಮ್ಸ್) ಕಡೆಯ ಲ್ಯಾಬ್ ತಲುಪುವವರೆಗೆ 2ರಿಂದ 8 ಡಿಗ್ರಿಯಲ್ಲಿರಬೇಕು. ಐಸ್ ಪ್ಯಾಕ್ ಹಿಂದಿನ ರಾತ್ರಿಯೇ ಗಟ್ಟಿಯಾಗಿರಲಿ, ಮಧ್ಯಾಹ್ನ ಒಂದರ ಒಳಗೆ ಪೆಟ್ಟಿಗೆ ಹೊರಡಲಿ. ನೆಗೆಟಿವ್ ಎಂದರೆ ಸ್ವಾಬ್ ತೆಗೆದ ಕ್ಷಣದ ಮಾತು, ಸೆಮಿಸ್ಟರಿಗೆಲ್ಲ ಅಲ್ಲ. ರ‍್ಯಾಪಿಡ್ ಟೆಸ್ಟ್ ಪಾಸಿಟಿವ್ ಬಂದರೆ ಪಾಸಿಟಿವ್ ಎಂದೇ ನಡೆಯಿರಿ. ಲಕ್ಷಣ ಇದ್ದೂ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಆಗಲೇಬೇಕು.

ತೆರೆಯುವ ತೀರ್ಮಾನ ನಿಜವಾಗಿ ನಿಲ್ಲಬೇಕಾದ್ದು ಹಾಸ್ಟೆಲ್ ಮೇಲೆ. ಕ್ಲಾಸಿನಲ್ಲಿ ಐದು ತಾಸು ಕೂರುವವರು ಹಾಸ್ಟೆಲಿನಲ್ಲಿ ಉಳಿದ ಹತ್ತೊಂಬತ್ತು ತಾಸು ಒಟ್ಟಿಗಿರುತ್ತಾರೆ. 2021ರ ನವೆಂಬರ್‌ನಲ್ಲಿ ಧಾರವಾಡದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಮಾರಂಭದ ನಂತರ 250ಕ್ಕೂ ಹೆಚ್ಚು ಜನರಿಗೆ ಸೋಂಕು ಕಂಡಿತು. ಬಹುತೇಕರಿಗೆ ಲಸಿಕೆ ಆಗಿತ್ತು. ನೂರು ಮಕ್ಕಳ ಹಾಸ್ಟೆಲಿನಲ್ಲಿ ಬೇರೆ ಟಾಯ್ಲೆಟ್ ಇರುವ ನಾಲ್ಕು ರೂಮುಗಳನ್ನಾದರೂ ಖಾಲಿ ಇಡಲಾಗದಿದ್ದರೆ ನನ್ನ ಪ್ರಕಾರ ಎಲ್ಲರನ್ನೂ ಕರೆಸಬಾರದು. ಫೈನಲ್ ಇಯರ್‌ನವರನ್ನು, ಪ್ರಾಕ್ಟಿಕಲ್ ಇರುವವರನ್ನು ಮಾತ್ರ ಕರೆಸಿ. ಮಾಸ್ಕ್ ಕೆಳಗಿಳಿಯುವುದು ಮೆಸ್ಸಿನಲ್ಲಿ; ರೊಟ್ಟಿ ತಟ್ಟೆ ಹಿಡಿದು ಬೇವಿನ ಮರದ ಕೆಳಗೆ ಕೂತು ಉಣ್ಣಲು ಬಿಡಿ, ಹಾಲ್‌ನ ಬೆಂಚು ಬೇಡ.

ಬಸ್ಸನ್ನು ಮರೆತವರೇ ಹೆಚ್ಚು. ಕಾಲೇಜು ಎರಡು ಪಾಳಿ ಮಾಡಿದರೂ ಕುರುಗೋಡು, ಮೋಕಾ ಕಡೆಯಿಂದ ಬೆಳಗಿನ ಬಸ್ಸು ಒಂದೇ ಆದರೆ ಎರಡೂ ಪಾಳಿಯವರು ಅದರಲ್ಲೇ ನೇತಾಡಿ ಬರುತ್ತಾರೆ. ಟೈಮ್‌ಟೇಬಲ್ ಬರೆಯುವ ಮುನ್ನ ಡಿಪೊ ಮ್ಯಾನೇಜರ್ ಹತ್ತಿರ ಕೂತು ಬಸ್ಸಿನ ವೇಳೆ ಬರೆದುಕೊಳ್ಳಿ. ಪಾಳಿಗಿಂತ ದಿನ ಹಂಚುವುದು ನಮ್ಮ ಕಡೆಗೆ ಹೊಂದುತ್ತದೆ: ಒಂದು ಬ್ಯಾಚಿಗೆ ಸೋಮವಾರದಿಂದ ಬುಧವಾರ, ಇನ್ನೊಂದಕ್ಕೆ ಗುರುವಾರದಿಂದ ಶನಿವಾರ. ಮನೆಯಲ್ಲಿ ಉಳಿದವರಿಗೆ ವಿಡಿಯೊ ಬದಲು ಪಾಠದ ಆಡಿಯೊ ಕಳಿಸಿ. 32 ಕೆಬಿಪಿಎಸ್‌ನಲ್ಲಿ ರೆಕಾರ್ಡ್ ಮಾಡಿದರೆ ಒಂದು ತಾಸಿನ ಪಾಠ 15 ಎಂಬಿ ದಾಟದು, ಜೊತೆಗೆ ಬೋರ್ಡಿನ ನಾಲ್ಕು ಫೋಟೊ ಸಾಕು. ಎರಡು ಕಡ್ಡಿ ನೆಟ್‌ವರ್ಕ್‌ನಲ್ಲೂ ಇಳಿಯುತ್ತದೆ.

ಕೊನೆಯದಾಗಿ ಆಕ್ಸಿಮೀಟರ್. ಹಾಸ್ಟೆಲಿಗೆ ಎರಡು ಇರಲಿ, ಒಂದು ತೋರಿಸಿದ್ದನ್ನು ಇನ್ನೊಂದರಿಂದ ತಾಳೆ ನೋಡಲು. ಮೆಹಂದಿ, ನೇಲ್ ಪಾಲಿಶ್ ಇರುವ ಬೆರಳು ಬೇಡ. ಕೈ ತಣ್ಣಗಿದ್ದರೆ ಉಜ್ಜಿ, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾಯಬೇಕು. 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ. ಕಪ್ಪು ಮೈಬಣ್ಣದವರಲ್ಲಿ ಇದು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು, ಆದ್ದರಿಂದ ಆರೋಗ್ಯವಾಗಿದ್ದಾಗಿನ ಅಂಕಿಯನ್ನು ಪ್ರತಿಯೊಬ್ಬರ ಹೆಸರಿನ ಮುಂದೆ ವಾರ್ಡನ್ ಮೊದಲೇ ಬರೆದಿಟ್ಟುಕೊಳ್ಳಲಿ. ಅದಕ್ಕಿಂತ ಮೂರು ಇಳಿದರೂ ಡಾಕ್ಟರಿಗೆ ಫೋನ್ ಮಾಡಬೇಕು. ಈಗ ಸ್ಟೋರ್ ರೂಮಿನಲ್ಲಿರುವ ಆಕ್ಸಿಮೀಟರ್, ಥರ್ಮಲ್ ಗನ್‌ಗಳ ಬ್ಯಾಟರಿಯನ್ನು ಇವತ್ತೇ ತೆಗೆಸಿ. ಸೋರಿ ಹಸಿರುಗಟ್ಟಿದ್ದರೆ ವಿನೆಗರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಿದರೆ ಎಷ್ಟೋ ಸಲ ಮತ್ತೆ ಚಾಲೂ ಆಗುತ್ತವೆ.